ಎಂ2 ಪರೀಕ್ಷೆಗೆ ನಾನು ಓದಿದ ರೀತಿ: ಚೀಟಿ, ರಫ್ ಶೀಟು, ಮೊದಲ ಎರಡು ಸಾಲು

ಇಂಜಿನಿಯರಿಂಗ್ ಎರಡನೇ ಸೆಮ್‌ನ ಮ್ಯಾಥ್ಸ್ ಅಂದರೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಹುಡುಗರ ಬಾಯಲ್ಲಿ ಎಂ2. ನಾನು ಓದಿದ್ದು 2018ರ ಸ್ಕೀಮ್‌ನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ. ಆಗ ಅದರ ಹೆಸರು ಅಡ್ವಾನ್ಸ್ಡ್ ಕ್ಯಾಲ್ಕುಲಸ್ ಅಂಡ್ ನ್ಯೂಮರಿಕಲ್ ಮೆಥಡ್ಸ್. ಐದು ಮಾಡ್ಯೂಲ್: ವೆಕ್ಟರ್ ಕ್ಯಾಲ್ಕುಲಸ್, ಹೈಯರ್ ಆರ್ಡರ್ ಡಿಫರೆನ್ಷಿಯಲ್ ಈಕ್ವೇಶನ್, ಪಾರ್ಶಿಯಲ್ ಡಿಫರೆನ್ಷಿಯಲ್ ಈಕ್ವೇಶನ್, ಇನ್ಫೈನೈಟ್ ಸೀರೀಸ್, ಕೊನೆಗೆ ನ್ಯೂಮರಿಕಲ್ ಮೆಥಡ್ಸ್. ಈಗ ಸ್ಕೀಮ್ ಬದಲಾಗಿದೆ, ಬ್ರಾಂಚ್‌ಗೆ ತಕ್ಕ ಹಾಗೆ ಪಾಠಗಳು ಅತ್ತಿಂದಿತ್ತ ಸರಿದಿವೆ. ಆದರೂ ಜೂನಿಯರ್‌ಗಳು ಇವತ್ತಿಗೂ ಕೇಳುವುದು ಅದೇ ಪ್ರಶ್ನೆ: ಕ್ಲಾಸಲ್ಲಿ ಎಲ್ಲ ಅರ್ಥ ಆಗುತ್ತೆ, ಅಸೈನ್‌ಮೆಂಟ್ ಕೂಡ ಬರೆದಿರ್ತೀವಿ, ಇಂಟರ್ನಲ್ಸ್‌ನಲ್ಲಿ (ಕಾಲೇಜಿನ ಒಳಗಿನ ಟೆಸ್ಟ್) ಬ್ಲೂ ಬುಕ್, ಅಂದರೆ ಉತ್ತರ ಬರೆಯುವ ಪುಸ್ತಕ, ತೆರೆದ ಕೂಡಲೇ ಕೈ ಯಾಕೆ ಓಡಲ್ಲ?

ನನ್ನ ಪ್ರಕಾರ ಕಾರಣ ಇಷ್ಟೇ. ಈ ಸಬ್ಜೆಕ್ಟ್‌ನಲ್ಲಿ ಲೆಕ್ಕ ಮಾಡುವುದು ಕಷ್ಟ ಅಲ್ಲ, ಯಾವ ದಾರಿಯಲ್ಲಿ ಹೋಗಬೇಕು ಅಂತ ಗೊತ್ತುಮಾಡಿಕೊಳ್ಳುವುದು ಕಷ್ಟ. ಇಂಟಿಗ್ರೇಶನ್ ನಮಗೆಲ್ಲ ಪಿಯುಸಿಯಿಂದ ಬಂದೇ ಬರುತ್ತೆ. ಆದರೆ ಅಸೈನ್‌ಮೆಂಟ್‌ನಲ್ಲಿ ಆ ದಾರಿ ಮೊದಲೇ ಗೊತ್ತಿರುತ್ತದೆ. ಮೇಡಂ ಸೋಮವಾರ ವೇರಿಯೇಶನ್ ಆಫ್ ಪ್ಯಾರಾಮೀಟರ್ಸ್ ಮಾಡಿದರೆ ಅವತ್ತು ಕೊಟ್ಟ ಹತ್ತೂ ಪ್ರಾಬ್ಲಮ್ ಅದೇ ಮೆಥಡ್‌ನವು. ಯೋಚನೆ ಮಾಡುವ ಕೆಲಸವನ್ನು ಪಾಠದ ಹೆಸರೇ ಮಾಡಿಬಿಟ್ಟಿರುತ್ತದೆ. ನಾವು ಮಾಡುವುದು ಉಳಿದ ಕೂಲಿ ಕೆಲಸ ಮಾತ್ರ. ಟೆಸ್ಟಿನಲ್ಲಿ ಆ ಹೆಸರು ಇರುವುದಿಲ್ಲ, ಅಲ್ವಾ?

ಇನ್ನೊಂದು ಕಾರಣವೂ ಇದೆ, ಅದು ಸಿಇಟಿಯಿಂದ ಬಂದದ್ದು. ಅಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಆಪ್ಷನ್ ನೋಡು, ವ್ಯಾಲ್ಯೂ ಹಾಕು, ಟಿಕ್ ಮಾಡು. ಎರಡು ವರ್ಷ ಅದೇ ಅಭ್ಯಾಸ ಮಾಡಿದ ಕೈಗೆ ಒಂದೂವರೆ ಪುಟದ ಉತ್ತರ ಬರೆಯುವುದು ಮರೆತೇ ಹೋಗಿರುತ್ತದೆ. ನನ್ನ ಸ್ಕೀಮ್‌ನ ಫೈನಲ್ ಪೇಪರ್ ಮೂರು ಗಂಟೆ, 100 ಅಂಕ. ಐದು ಮಾಡ್ಯೂಲ್‌ನಲ್ಲೂ ಕೊಟ್ಟ ಎರಡರಲ್ಲಿ ಒಂದೊಂದು ಫುಲ್ ಕ್ವಶ್ಚನ್ ಬರೆಯಬೇಕು, ಒಂದೊಂದರಲ್ಲೂ 6, 7, 7 ಅಂಕದ ಮೂರು ಪ್ರಾಬ್ಲಮ್. ಅಂದರೆ 180 ನಿಮಿಷಕ್ಕೆ 15 ಪ್ರಾಬ್ಲಮ್, ತಲಾ 12 ನಿಮಿಷ. ಆ 12ರಲ್ಲಿ ಐದು ನಿಮಿಷ ಯಾವ ಮೆಥಡ್ ಅಂತ ಪೆನ್ನು ಕಚ್ಚಿಕೊಂಡು ಕೂತರೆ ಮುಗೀತು.

ಅದಕ್ಕೆ ನಾನು ಓದುವುದನ್ನೇ ಎರಡು ಭಾಗ ಮಾಡಿಕೊಂಡೆ. ದಾರಿ ಹುಡುಕುವ ಅಭ್ಯಾಸ ಬೇರೆ, ಕೊನೆಯವರೆಗೂ ಬರೆಯುವ ಅಭ್ಯಾಸ ಬೇರೆ.

ಮೊದಲನೆಯದಕ್ಕೆ ಚೀಟಿ. ಹಳೇ ಪೇಪರ್‌ಗಳಿಂದ, ಅಸೈನ್‌ಮೆಂಟ್‌ನಿಂದ, ಕ್ಲಾಸ್ ನೋಟ್ಸ್‌ನಿಂದ ಪ್ರಶ್ನೆಗಳನ್ನು ಸಣ್ಣ ಸಣ್ಣ ಚೀಟಿಯಲ್ಲಿ ಬರೆದು ಒಂದು ಹಳೇ ಸ್ವೀಟ್ ಡಬ್ಬಕ್ಕೆ ಹಾಕುತ್ತಿದ್ದೆ. ಪ್ರಶ್ನೆ ಮಾತ್ರ. ಯಾವ ಮಾಡ್ಯೂಲ್, ಯಾವ ಮೆಥಡ್ ಅಂತ ಬರೆಯುವ ಹಾಗಿಲ್ಲ. 'ಗ್ರೀನ್ಸ್ ಥಿಯರಮ್ ಬಳಸಿ' ಅಂತ ಪ್ರಶ್ನೆಯಲ್ಲೇ ಇದ್ದರೆ ಆ ಪದ ಹೊಡೆದು ಹಾಕುತ್ತಿದ್ದೆ. ರಾತ್ರಿ ಊಟ ಆದ ಮೇಲೆ ಒಂದೊಂದೇ ಚೀಟಿ ಎತ್ತಿ ಉತ್ತರದ ಮೊದಲ ಎರಡು ಸಾಲು ಬರೆಯುವುದು, ಅಷ್ಟೇ. ಮೊದಲ ಸಾಲಿನಲ್ಲಿ ಯಾವ ಮೆಥಡ್, ಯಾಕೆ. ಎರಡನೇ ಸಾಲಿನಲ್ಲಿ ಸೆಟಪ್: ಲಿಮಿಟ್‌ಗಳು, ಸಬ್ಸ್ಟಿಟ್ಯೂಶನ್, ಫಾರ್ಮುಲಾದಲ್ಲಿ ಏನು ಎಲ್ಲಿ ಕೂರುತ್ತದೆ. ನಂತರ ಮುಂದಿನ ಚೀಟಿ. ಒಂದು ಪ್ರಾಬ್ಲಮ್ ಪೂರ್ತಿ ಮಾಡುವ ಹೊತ್ತಿನಲ್ಲಿ ಐದಾರು ಪ್ರಾಬ್ಲಮ್‌ಗಳ ದಾರಿ ಗೊತ್ತಾಗಿಬಿಡುತ್ತದೆ. ದಾರಿ ಕಾಣದ ಚೀಟಿಗಳನ್ನು ಪಕ್ಕಕ್ಕಿಟ್ಟು ಬೆಳಿಗ್ಗೆ ನೋಟ್ಸ್ ನೋಡಿ ಮತ್ತೆ ಡಬ್ಬಕ್ಕೇ ಹಾಕುವುದು.

ಸೀರೀಸ್ ಪಾಠದಲ್ಲಿ ಇದರಿಂದ ತುಂಬಾ ಅನುಕೂಲ ಆಯಿತು. ಅಲ್ಲಿ ಕೇಳುವುದು, ಕೊನೆಯಿಲ್ಲದ ಮೊತ್ತ ಒಂದು ಸಂಖ್ಯೆಯ ಹತ್ತಿರ ನಿಲ್ಲುತ್ತದೋ (ಕನ್ವರ್ಜ್), ಇಲ್ಲವೋ (ಡೈವರ್ಜ್) ಅಂತ. ಹಾಸ್ಟೆಲ್‌ನಲ್ಲಿ ಒಬ್ಬ ಜೂನಿಯರ್ ಬಂದು, "ಅಣ್ಣಾ, ಇದಕ್ಕೆ ಯಾವ ಟೆಸ್ಟ್ ಹಾಕೋದು ಹೇಳಿ" ಅಂದ. ಟರ್ಮ್‌ನಲ್ಲಿ ಬ್ರಾಕೆಟ್ಟಿನೊಳಗೆ 1 ಪ್ಲಸ್ 1 ಬೈ ರೂಟ್ ಎನ್ ಇತ್ತು, ಆ ಬ್ರಾಕೆಟ್ಟಿನ ಪವರ್ ಮೈನಸ್ ಎನ್ ಪವರ್ 3 ಬೈ 2. ಹೇಳಲಿಲ್ಲ. "ನೋಡಿದ ತಕ್ಷಣ ಏನು ಕಾಣ್ತಿದೆ, ಅದನ್ನ ಹೇಳು" ಅಂದೆ. ಸ್ವಲ್ಪ ಹೊತ್ತು ನೋಡಿ, "ಇಡೀ ಬ್ರಾಕೆಟ್ಟಿಗೆ ಎನ್ ಇರೋ ಪವರ್ ಇದೆ" ಅಂದ. ಅಷ್ಟು ಸಾಕು. ಇಡೀ ಟರ್ಮಿನ ಮೇಲೆ ಎನ್ ಪವರ್ ಕೂತಿದ್ದರೆ ಕೋಶಿ ರೂಟ್ ಟೆಸ್ಟ್. ಎನ್‌ನೇ ರೂಟ್ ತೆಗೆದರೆ ಪವರ್ ಮೈನಸ್ ರೂಟ್ ಎನ್ ಆಗುತ್ತದೆ, ಲಿಮಿಟ್ 1 ಬೈ ಇ ಬರುತ್ತದೆ, ಅಂದರೆ ಸುಮಾರು 0.368. ಒಂದಕ್ಕಿಂತ ಕಡಿಮೆ, ಸೀರೀಸ್ ಕನ್ವರ್ಜ್ ಆಗುತ್ತದೆ. ಫ್ಯಾಕ್ಟೋರಿಯಲ್ ಕಂಡರೆ ಡಿ'ಅಲಂಬರ್ಟ್ ರೇಶಿಯೋ ಟೆಸ್ಟ್, ಯಾಕೆಂದರೆ ಒಂದು ಟರ್ಮನ್ನು ಪಕ್ಕದ ಟರ್ಮಿನಿಂದ ಭಾಗಿಸಿದಾಗ ಫ್ಯಾಕ್ಟೋರಿಯಲ್‌ಗಳು ಹೊಡೆದುಹೋಗುತ್ತವೆ. ಲಿಮಿಟ್ ಸರಿಯಾಗಿ 1 ಬಂದರೆ ಆ ಟೆಸ್ಟ್ ಏನೂ ಹೇಳುವುದಿಲ್ಲ. 1 ಬೈ ಎನ್‌ಗೂ 1 ಬೈ ಎನ್ ಸ್ಕ್ವೇರ್‌ಗೂ ರೇಶಿಯೋ 1ಕ್ಕೇ ಹೋಗುತ್ತದೆ. ಮೊದಲನೆಯದು ಡೈವರ್ಜ್, ಎರಡನೆಯದು ಕನ್ವರ್ಜ್. ಈ ಎರಡನ್ನೂ ತಲೆಯಲ್ಲಿ ಇಟ್ಟುಕೊಂಡರೆ '1 ಬಂತು, ಹಾಗಾದ್ರೆ ಕನ್ವರ್ಜ್' ಅಂತ ಯಾರೂ ಬರೆಯುವುದಿಲ್ಲ.

ಈಗ ಅಸೈನ್‌ಮೆಂಟ್ ವಿಷಯ. ಸಬ್ಮಿಶನ್ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಒಂದೇ ಪುಸ್ತಕ ಹತ್ತು ರೂಮ್ ಸುತ್ತುತ್ತದೆ, ಎಲ್ಲರಿಗೂ ಗೊತ್ತಿರುವ ಮಾತು. ನಾನು ಪಟ್ಟಾಗಿ ಹಿಡಿದುಕೊಂಡಿದ್ದು ಒಂದೇ ನಿಯಮ: ಕ್ಲಾಸ್ ಆದ ದಿನವೇ ಸಂಜೆ, ಬೋರ್ಡ್ ಮೇಲೆ ಮಾಡಿದ ಪ್ರಾಬ್ಲಮ್ ಅನ್ನೇ ನೋಟ್ಸ್ ಮುಚ್ಚಿಟ್ಟು ರಫ್ ಶೀಟಿನಲ್ಲಿ ಮತ್ತೆ ಮಾಡುವುದು. ಹೊಸದಲ್ಲ, ಅದೇ ಪ್ರಾಬ್ಲಮ್. ನೋಡಿಕೊಂಡು ಓದಿದಾಗ ಪ್ರತಿ ಸಾಲೂ ಸಲೀಸು ಅನ್ನಿಸುತ್ತದೆ, ಮುಚ್ಚಿ ಮಾಡಿದಾಗಲೇ ಎಲ್ಲಿ ನಿಂತುಹೋಗುತ್ತೇವೆ ಅಂತ ಗೊತ್ತಾಗುವುದು. ನಿಂತ ಜಾಗದಲ್ಲಿ ಕೆಂಪು ಪೆನ್ನಿನಲ್ಲಿ ಒಂದು ಗೆರೆ. ಆಮೇಲೆ ನೋಟ್ಸ್ ತೆರೆದು ಆ ಒಂದು ಸಾಲು ಮಾತ್ರ ನೋಡಿ, ಮತ್ತೆ ಮುಚ್ಚಿ, ಮುಂದುವರಿಸುವುದು. ಅಸೈನ್‌ಮೆಂಟ್ ಶೀಟಿಗೆ ಹೋಗುತ್ತಿದ್ದದ್ದು ಈ ರಫ್ ಶೀಟಿನ ಫೇರ್ ಕಾಪಿ. ಇಂಟರ್ನಲ್ಸ್ ಹತ್ತಿರ ಬಂದಾಗ ನಾನು ಇಡೀ ನೋಟ್ಸ್ ತಿರುವಿಹಾಕುತ್ತಿರಲಿಲ್ಲ. ಕೆಂಪು ಗೆರೆ ಇದ್ದ ಹಾಳೆಗಳು ಮಾತ್ರ ಸಾಕಾಗುತ್ತಿದ್ದವು.

ಒಂದು ಪ್ರಾಬ್ಲಮ್ ಪೂರ್ತಿ ತೋರಿಸುತ್ತೇನೆ, ಯಾಕೆಂದರೆ ಸೆಟಪ್ ಅಂದರೆ ಏನು ಅಂತ ಸುಮ್ನೆ ಮಾತಲ್ಲಿ ಹೇಳಿದರೆ ಗೊತ್ತಾಗುವುದಿಲ್ಲ. ಗ್ರೀನ್ಸ್ ಥಿಯರಮ್ ವೆರಿಫೈ ಮಾಡಿ ಅಂತ ಪದೇ ಪದೇ ಕೇಳುವ ಪ್ರಶ್ನೆ. ಒಂದು ಜಾಗದ ಅಂಚಿನ ಸುತ್ತ ಮಾಡಿದ ಲೈನ್ ಇಂಟಿಗ್ರಲ್ (ಎಡಗಡೆ, ಎಂ ಡಿಎಕ್ಸ್ ಪ್ಲಸ್ ಎನ್ ಡಿವೈ), ಆ ಜಾಗದ ಮೇಲೆ ಮಾಡಿದ ಡಬಲ್ ಇಂಟಿಗ್ರಲ್‌ಗೆ (ಬಲಗಡೆ) ಸಮ ಅನ್ನುವುದೇ ಆ ಥಿಯರಮ್. ಎಂ ಅಂದರೆ 3ಎಕ್ಸ್ ಸ್ಕ್ವೇರ್ ಮೈನಸ್ 8ವೈ ಸ್ಕ್ವೇರ್, ಎನ್ ಅಂದರೆ 4ವೈ ಮೈನಸ್ 6ಎಕ್ಸ್‌ವೈ. ಜಾಗ ಯಾವುದು ಅಂದರೆ ವೈ = ರೂಟ್ ಎಕ್ಸ್ ಮತ್ತು ವೈ = ಎಕ್ಸ್ ಸ್ಕ್ವೇರ್ ಇವೆರಡರ ನಡುವೆ ಇರುವುದು. ಇಲ್ಲಿ ಮೊದಲು ಗಮನಿಸಬೇಕಾದ್ದು 'ವೆರಿಫೈ' ಅನ್ನುವ ಪದ. ಇವ್ಯಾಲ್ಯುಯೇಟ್ ಅಂದಿದ್ದರೆ ಒಂದು ಕಡೆ ಮಾಡಿದರೆ ಸಾಕು, ವೆರಿಫೈ ಅಂದರೆ ಎರಡೂ ಕಡೆ ಮಾಡಿ ಸಮ ಅಂತ ತೋರಿಸಲೇಬೇಕು.

ಬಲಗಡೆ ಸುಲಭ. ಎನ್ ಅನ್ನು ಎಕ್ಸ್‌ನಿಂದ ಡಿಫರೆನ್ಷಿಯೇಟ್ ಮಾಡಿದರೆ ಮೈನಸ್ 6ವೈ, ಎಂ ಅನ್ನು ವೈನಿಂದ ಮಾಡಿದರೆ ಮೈನಸ್ 16ವೈ, ಕಳೆದರೆ 10ವೈ. ಚಿತ್ರ ಬರೆದುಕೊಳ್ಳಿ, ಚಿತ್ರ ಇಲ್ಲದೆ ಲಿಮಿಟ್ ಹಾಕಬೇಡಿ. ಎರಡೂ ಕರ್ವ್ (0, 0) ಮತ್ತು (1, 1)ರಲ್ಲಿ ಸೇರುತ್ತವೆ. ಕೆಳಗಿರುವುದು ಎಕ್ಸ್ ಸ್ಕ್ವೇರ್, ಮೇಲಿರುವುದು ರೂಟ್ ಎಕ್ಸ್. ವೈಗೆ ಇಂಟಿಗ್ರೇಟ್ ಮಾಡಿದರೆ 5 ಇಂಟು (ಎಕ್ಸ್ ಮೈನಸ್ ಎಕ್ಸ್ ಪವರ್ 4) ಉಳಿಯುತ್ತದೆ, ಅದನ್ನು 0ಯಿಂದ 1ರವರೆಗೆ ಮಾಡಿದರೆ 5 ಇಂಟು 3 ಬೈ 10, ಅಂದರೆ 3 ಬೈ 2.

ಎಡಗಡೆ ಲೈನ್ ಇಂಟಿಗ್ರಲ್. ಆಂಟಿಕ್ಲಾಕ್‌ವೈಸ್ ಹೋಗಬೇಕು, ಹಾಗಾಗಿ ಕೆಳಗಿನ ಕರ್ವ್ ಮೇಲೆ (0, 0)ಯಿಂದ (1, 1)ಕ್ಕೆ ಹೋಗಿ, ಮೇಲಿನ ಕರ್ವ್ ಮೇಲೆ ವಾಪಸ್ ಬರುವುದು. ಹೋಗುವಾಗ ಎಲ್ಲವನ್ನೂ ಎಕ್ಸ್‌ನಲ್ಲಿ ಬರೆದರೆ ಮೈನಸ್ 1 ಬರುತ್ತದೆ. ವಾಪಸ್ ಬರುವಾಗ ಹೆಚ್ಚಿನವರು ರೂಟ್ ಎಕ್ಸ್ ಹಾಕಿಕೊಂಡು ಒದ್ದಾಡುತ್ತಾರೆ. ಅದರ ಬದಲು ಎಕ್ಸ್ = ವೈ ಸ್ಕ್ವೇರ್ ಅಂತ ಬರೆದು ವೈನಲ್ಲಿ ಇಂಟಿಗ್ರೇಟ್ ಮಾಡಿದರೆ ರೂಟ್ ಬರುವುದೇ ಇಲ್ಲ, ವೈ 1ರಿಂದ 0ಗೆ ಇಳಿಯುತ್ತದೆ, ಉತ್ತರ 5 ಬೈ 2. ಮೈನಸ್ 1 ಪ್ಲಸ್ 5 ಬೈ 2, ಮತ್ತೆ ಅದೇ 3 ಬೈ 2. ಎರಡು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಸಂಖ್ಯೆ ಸಿಕ್ಕಾಗ ಆಗುವ ಖುಷಿ ನನಗೆ ಇವತ್ತಿಗೂ ಕಡಿಮೆ ಆಗಿಲ್ಲ.

ಈ ಥಿಯರಮ್‌ಗೆ ಹೆಸರು ಕೊಟ್ಟ ಜಾರ್ಜ್ ಗ್ರೀನ್ ನಾಟಿಂಗ್‌ಹ್ಯಾಮ್‌ನವನು. ಅಪ್ಪನ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡಿಕೊಂಡಿದ್ದ, ಶಾಲೆಗೆ ಹೋಗಿದ್ದು ತೀರಾ ಕಡಿಮೆ, 1828ರಲ್ಲಿ ತನ್ನ ದೊಡ್ಡ ಪ್ರಬಂಧವನ್ನು ಚಂದಾದಾರರನ್ನು ಹುಡುಕಿ ಅಚ್ಚು ಹಾಕಿಸಿದ. ಕನ್ನಡ ಮೀಡಿಯಂನಿಂದ ಬಂದು ಈ ಇಂಗ್ಲಿಷ್ ಹೆಸರುಗಳನ್ನು ನೋಡಿಯೇ ಹೆದರುವ ಹುಡುಗರಿಗೆ ನಾನು ಈ ಕಥೆ ತಪ್ಪದೆ ಹೇಳುತ್ತೇನೆ.

ಡಿಫರೆನ್ಷಿಯಲ್ ಈಕ್ವೇಶನ್‌ಗೆ ಬಂದರೆ, ಪರ್ಟಿಕ್ಯುಲರ್ ಇಂಟಿಗ್ರಲ್‌ನ (ಬಲಗಡೆಯ ಫಂಕ್ಷನ್‌ಗೆ ಹೊಂದುವ ಒಂದು ಉತ್ತರ) ರೂಲ್‌ಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಯಾಕೆ ಅಂತ ಒಂದು ಸಲ ನೋಡಿಕೊಳ್ಳುವುದು ಮೇಲು. ಈಕ್ವೇಶನ್‌ನ ಎಡಗಡೆ ಡಿ ಸ್ಕ್ವೇರ್ ಮೈನಸ್ 4ಡಿ ಪ್ಲಸ್ 4 (ಡಿ ಅಂದರೆ ಡಿಫರೆನ್ಷಿಯೇಟ್ ಮಾಡು ಅಂತ), ಬಲಗಡೆ ಇ ಪವರ್ 2ಎಕ್ಸ್. ಉತ್ತರಕ್ಕೆ ಬಲಗಡೆಯದನ್ನು ಎಡಗಡೆಯದರಿಂದ ಭಾಗಿಸಿದ ಹಾಗೆ ಬರೆಯುತ್ತೇವೆ. ಡಿ ಜಾಗದಲ್ಲಿ 2 ಹಾಕಿದರೆ ಕೆಳಗೆ ಸೊನ್ನೆ. ಮೇಲೆ ಒಂದು ಎಕ್ಸ್ ಹಾಕಿ ಕೆಳಗಿನದನ್ನು ಡಿಫರೆನ್ಷಿಯೇಟ್ ಮಾಡಿದರೆ 2ಡಿ ಮೈನಸ್ 4, ಮತ್ತೆ ಸೊನ್ನೆ. ಇನ್ನೊಂದು ಎಕ್ಸ್, ಈಗ ಕೆಳಗೆ 2. ಉತ್ತರ ಎಕ್ಸ್ ಸ್ಕ್ವೇರ್ ಬೈ 2 ಇಂಟು ಇ ಪವರ್ 2ಎಕ್ಸ್. ಎರಡು ಸಲ ಎಕ್ಸ್ ಯಾಕೆ ಬೇಕಾಯಿತು ಅಂದರೆ, ಇ ಪವರ್ 2ಎಕ್ಸ್ ಮತ್ತು ಎಕ್ಸ್ ಇಂಟು ಇ ಪವರ್ 2ಎಕ್ಸ್ ಎರಡೂ ಕಾಂಪ್ಲಿಮೆಂಟರಿ ಫಂಕ್ಷನ್‌ನಲ್ಲಿ (ಬಲಗಡೆ ಸೊನ್ನೆ ಇದ್ದಾಗ ಬರುವ ಉತ್ತರ) ಆಗಲೇ ಇವೆ, ಅವನ್ನು ಈಕ್ವೇಶನ್‌ಗೆ ಹಾಕಿದರೆ ಬರುವುದೇ ಸೊನ್ನೆ. ಇದು ಗೊತ್ತಿದ್ದರೆ ರೂಲ್ ಮರೆತರೂ ದಾರಿ ತಪ್ಪುವುದಿಲ್ಲ. ಸಮಯ ಉಳಿದರೆ ಉತ್ತರವನ್ನು ಈಕ್ವೇಶನ್‌ಗೆ ಹಾಕಿ ನೋಡಿ. ಸರಿ ಇದೆಯೋ ಇಲ್ಲವೋ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಪಾರ್ಶಿಯಲ್ ಡಿಫರೆನ್ಷಿಯಲ್ ಈಕ್ವೇಶನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ವೇವ್ ಮತ್ತು ಹೀಟ್ ಈಕ್ವೇಶನ್‌ನ ಡಿರೈವೇಶನ್ ಬರೆದು ಬರೆದೇ ಕೈಗೆ ಬರಬೇಕು.

ನ್ಯೂಮರಿಕಲ್ ಮೆಥಡ್ಸ್ ಅನ್ನು ಎಲ್ಲರೂ ಸುಲಭದ ಮಾಡ್ಯೂಲ್ ಅಂತ ಕೊನೆಗೆ ಇಡುತ್ತಾರೆ. ಸುಲಭ ನಿಜ, ಆದರೆ ಅದು ಫಾರ್ಮುಲಾ ಬಂದರೆ ಮುಗಿಯುವ ಪಾಠ ಅಲ್ಲ. ಟೇಬಲ್ ಹಾಕುವ ವೇಗ ಬೇಕು. ಇಂಟಿಗ್ರಲ್‌ನ ಬೆಲೆಯನ್ನು ಸಮ ತುಂಡುಗಳಾಗಿ (ಇಂಟರ್ವಲ್) ಮಾಡಿ ಅಂದಾಜು ಹಾಕುವ ರೂಲ್‌ಗಳಿವೆ: ಸಿಂಪ್ಸನ್ಸ್ 1/3 ರೂಲ್‌ಗೆ ಇಂಟರ್ವಲ್‌ಗಳು ಸಮಸಂಖ್ಯೆ ಇರಬೇಕು, 3/8 ರೂಲ್‌ಗೆ ಮೂರರ ಮಗ್ಗಿಯಲ್ಲಿರಬೇಕು, ವೆಡಲ್ಸ್ ರೂಲ್‌ಗೆ ಆರರ ಮಗ್ಗಿಯಲ್ಲಿ. ಪೇಪರ್‌ಗಳಲ್ಲಿ ಆರು ಇಂಟರ್ವಲ್ ಅಷ್ಟೊಂದು ಕಾಣುವುದು ಇದಕ್ಕೇ, ಮೂರೂ ರೂಲ್ ಅದರಲ್ಲಿ ನಡೆಯುತ್ತವೆ. 1 ಬೈ (1 ಪ್ಲಸ್ ಎಕ್ಸ್ ಸ್ಕ್ವೇರ್) ಅನ್ನು 0ಯಿಂದ 6ರವರೆಗೆ ಆರು ಇಂಟರ್ವಲ್‌ನಲ್ಲಿ ಮಾಡಿ ನೋಡಿ. 1/3 ರೂಲ್‌ನಲ್ಲಿ 1.3662, 3/8 ರೂಲ್‌ನಲ್ಲಿ 1.3571. ನಿಜವಾದ ಬೆಲೆ ಟ್ಯಾನ್ ಇನ್ವರ್ಸ್ 6, ಅಂದರೆ 1.4056. ಎರಡು ಉತ್ತರ ಬೇರೆ ಬಂದರೆ ಗಾಬರಿ ಆಗಿ ಹೊಡೆದು ಹಾಕುವವರನ್ನು ನೋಡಿದ್ದೇನೆ. ಹೊಡೆಯಬೇಡಿ, ಅವು ಬೇರೆ ಬರಬೇಕಾದ್ದೇ. ಹಾಗೇ, ಈಕ್ವೇಶನ್‌ನ ಉತ್ತರದ ಹತ್ತಿರಕ್ಕೆ ಹೆಜ್ಜೆ ಹೆಜ್ಜೆಯಾಗಿ ಹೋಗುವ ನ್ಯೂಟನ್ ರಾಫ್ಸನ್‌ನಲ್ಲಿ ಸೈನ್, ಕಾಸ್ ಕಂಡ ಕೂಡಲೇ ಕ್ಯಾಲ್ಕ್ಯುಲೇಟರ್ ರೇಡಿಯನ್ ಮೋಡ್‌ಗೆ ಹಾಕಿ. ಎಕ್ಸ್ ಸೈನ್ ಎಕ್ಸ್ ಪ್ಲಸ್ ಕಾಸ್ ಎಕ್ಸ್ = 0, ಪೈ ಹತ್ತಿರ ಅಂತ ಕೊಟ್ಟರೆ ಮೊದಲ ಹೆಜ್ಜೆಗೆ 2.8233, ಆಮೇಲೆ 2.7984ರ ಹತ್ತಿರ ನಿಲ್ಲಬೇಕು. ಡಿಗ್ರಿ ಮೋಡ್‌ನಲ್ಲಿ ಅದು ಎಲ್ಲೆಲ್ಲಿಗೋ ಹೋಗುತ್ತದೆ, ಫಾರ್ಮುಲಾ ಮಾತ್ರ ಸರಿಯಾಗಿಯೇ ಇರುತ್ತದೆ.

ಫೈನಲ್‌ಗೆ ಎರಡು ವಾರ ಇರುವಾಗ ಚೀಟಿ ನಿಲ್ಲಿಸಿ ಪೂರ್ತಿ ಪೇಪರ್ ಬರೆಯಲು ಶುರು ಮಾಡಿದೆ. ಪರೀಕ್ಷೆ ನಡೆಯುವ ಹೊತ್ತಿಗೇ, ಫೋನ್ ಇನ್ನೊಬ್ಬನ ರೂಮಿನಲ್ಲಿ ಇಟ್ಟು, ಮೂರು ಗಂಟೆ ಎದ್ದೇಳದೆ. ಮೊದಲ ಹತ್ತು ನಿಮಿಷ ಪೆನ್ನು ಮುಟ್ಟದೆ ಪ್ರತಿ ಮಾಡ್ಯೂಲ್‌ನ ಎರಡೂ ಆಯ್ಕೆ ಓದುವುದನ್ನೂ ಅಲ್ಲೇ ರೂಢಿ ಮಾಡಿಕೊಂಡೆ. ಒಂದು ಆಯ್ಕೆಯಲ್ಲಿ ಎ ಪ್ರಾಬ್ಲಮ್ ಚೆನ್ನಾಗಿ ಬರುತ್ತದೆ ಅಂತ ಹಾರಿಬೀಳದೆ, ಮೂರರಲ್ಲೂ ಮೊದಲ ಎರಡು ಸಾಲು ಯಾವುದರಲ್ಲಿ ಕಾಣುತ್ತದೋ ಅದನ್ನು ಆರಿಸುವುದು. ಶುರು ಮಾಡುತ್ತಿದ್ದದ್ದು ಡಿಫರೆನ್ಷಿಯಲ್ ಈಕ್ವೇಶನ್‌ನಿಂದ, ನ್ಯೂಮರಿಕಲ್ ಮೂರನೆಯದು, ಪಾರ್ಶಿಯಲ್‌ನ ಡಿರೈವೇಶನ್ ಕೊನೆಗೆ. ಅದು ಕೈಗೆ ಬಂದದ್ದಾದ್ದರಿಂದ ತಲೆ ದಣಿದಾಗಲೂ ಬರೆಯಬಹುದು.