'ಹಿತ್ತಾಳೆ ಕಿವಿ'ಗೆ ನಾನೇ ಬೋರ್ಡು ಬರೆದದ್ದು

ನನ್ನ ವೆಬ್‌ಸೈಟಿನ ಹೆಸರು 'ಹಿತ್ತಾಳೆ ಕಿವಿ'. ಹೇಳಿದ್ದನ್ನೆಲ್ಲ ನಂಬುವವರಿಗೆ ಹಾಗೆ ಅಂತಾರಲ್ಲ, ಅದೇ. ನನಗೆ ಹಳೇ ಗ್ರಾಮಾಫೋನ್ ಪ್ಲೇಟುಗಳ ಹುಚ್ಚು. ಗ್ರಾಮಾಫೋನ್ ಪೆಟ್ಟಿಗೆಯ ಮೇಲಿನ ಹಿತ್ತಾಳೆ ಹಾರ್ನ್ ಚಿಕ್ಕಂದಿನಿಂದಲೂ ನನ್ನ ಕಣ್ಣಿಗೆ ಒಂದು ದೊಡ್ಡ ಕಿವಿಯ ಹಾಗೇ ಕಾಣುತ್ತಿತ್ತು. ತಪ್ಪೇನಿಲ್ಲ ಬಿಡಿ, 1925ರ ಸುಮಾರಿಗೆ ಮೈಕ್ ಬರುವ ತನಕ ಹಾಡುವವರು ಇಂಥದ್ದೇ ಒಂದು ಹಾರ್ನಿನ ಬಾಯಿಗೆ ಮುಖ ಕೊಟ್ಟು ಹಾಡಬೇಕಿತ್ತು.

ಈ ಹೆಸರಿಗೆ ಸ್ಟೀಮ್‌ಪಂಕ್ ಬಿಟ್ಟರೆ ಬೇರೆ ವೇಷ ಹೊಂದಲ್ಲ ಅಂತ ಮೊದಲ ದಿನವೇ ತೀರ್ಮಾನ ಮಾಡಿದ್ದೆ. ಗೊತ್ತಿಲ್ಲದವರಿಗೆ: ಕರೆಂಟು, ಪೆಟ್ರೋಲು, ಕಂಪ್ಯೂಟರ್ ಚಿಪ್ಪು ಯಾವುದೂ ಬರದೆ ಇದ್ದು, ವಿಕ್ಟೋರಿಯಾ ರಾಣಿ ಕಾಲದ ಹಬೆ ಯಂತ್ರವೇ ಬೆಳೆದುಕೊಂಡು ಹೋಗಿದ್ದರೆ ಜಗತ್ತು ಹೇಗಿರುತ್ತಿತ್ತು ಅನ್ನುವ ಕಲ್ಪನೆ ಇದು. ಆ ಹೆಸರನ್ನು 1987ರಲ್ಲಿ ಇಟ್ಟವರು ಕೆ. ಡಬ್ಲ್ಯೂ. ಜೀಟರ್ ಅನ್ನುವ ಅಮೆರಿಕದ ಲೇಖಕ, ಅದೂ ಅರ್ಧ ತಮಾಷೆಗೆ. ಹಿತ್ತಾಳೆ, ತಾಮ್ರ, ರಿವೆಟ್, ಒತ್ತಡದ ಮೀಟರು, ಹಲ್ಲುಚಕ್ರ. ಇಷ್ಟು ಹಾಕಿದರೆ ಸಾಕು ಅಂದುಕೊಂಡೆ. ಹಾಕಿದೆ ಕೂಡ. ಒಂದು ಪುಟದಲ್ಲಿ ಹದಿನಾಲ್ಕು ಹಲ್ಲುಚಕ್ರ, ಹಿಂದೆ ಸುಟ್ಟ ಕಾಗದದ ಚಿತ್ರ, ಅದರ ಮೇಲೆ ಹಿತ್ತಾಳೆ ಬಣ್ಣದ ಅಕ್ಷರ. ಬರೀ ಮೇಲಿನ ಪಟ್ಟಿಯ ಪಿಎನ್‌ಜಿ ಚಿತ್ರವೇ 4 ಎಂಬಿ ಇತ್ತು. ನನಗಂತೂ ಬಹಳ ಖುಷಿ.

ನಮ್ಮ ಬೀದಿ ಕೊನೆಯಲ್ಲಿ ಲೇತ್ ಶಾಪ್ ಇಟ್ಟಿರುವ ಒಬ್ಬರಿದ್ದಾರೆ, ನನ್ನ ಗ್ರಾಮಾಫೋನಿಗೆ ಅವರೇ ಒಂದು ಪಿನ್ ಕಡೆದುಕೊಟ್ಟಿದ್ದು. ಅವರಿಗೆ ಫೋನಿನಲ್ಲಿ ತೋರಿಸಿದೆ. ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ ನೋಡಿದರು.

"ಚೆನ್ನಾಗೈತೆ ಸಾರ್. ಆದ್ರೆ ಇದು ತಿರುಗಲ್ಲ."

"ಯಾಕಣ್ಣ?"

"ಇಲ್ಲಿ ಈ ಮೂರೂ ಚಕ್ರ ಒಂದಕ್ಕೊಂದು ಕಚ್ಚಿಸಿದೀರಲ್ಲ. ಪಕ್ಕದ್ದು ಯಾವಾಗ್ಲೂ ಉಲ್ಟಾ ತಿರುಗ್ಬೇಕು. ಒಂದು ಹಿಂಗೆ, ಇನ್ನೊಂದು ಹಂಗೆ, ಮೂರನೇದು ಯಾವ ಕಡೆ ತಿರುಗುತ್ತೆ ಹೇಳಿ?"

ಹೇಳೋಕೆ ಆಗಲಿಲ್ಲ. ಆ ರಾತ್ರಿಯೇ ಹದಿನಾಲ್ಕನ್ನೂ ಅಳಿಸಿದೆ. ಅಲ್ಲಿಂದ ನಾನು ಇಟ್ಟುಕೊಂಡ ನಿಯಮ ಒಂದೇ: ಪುಟದ ಮೇಲೆ ಯಾವ ಯಂತ್ರದ ಭಾಗ ಬಂದರೂ ಅದಕ್ಕೊಂದು ಕೆಲಸ ಇರಬೇಕು. ಇಲ್ಲದಿದ್ದರೆ ಆಚೆ.

ಈಗ ಎರಡೇ ಚಕ್ರ ಇವೆ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಜೊತೆಗೇ ಗೇರ್ ಬರೆಯುವ ಎಕ್ಸ್‌ಟೆನ್ಷನ್ ಬರುತ್ತೆ, ಹಲ್ಲಿನ ಸಂಖ್ಯೆ ಕೊಟ್ಟರೆ ಸಾಕು. ದೊಡ್ಡದಕ್ಕೆ 24 ಹಲ್ಲು, ಚಿಕ್ಕದಕ್ಕೆ 12. ಕಚ್ಚುವ ಚಕ್ರಗಳ ಹಲ್ಲಿನ ಅಳತೆ ಒಂದೇ ಇರಬೇಕು, ಹಲ್ಲಿನ ಸಂಖ್ಯೆಗೆ ತಕ್ಕಂತೆ ಅಗಲ ಬದಲಾಗುತ್ತೆ. ನನ್ನ ಲೆಕ್ಕದಲ್ಲಿ ಒಂದು ಹಲ್ಲಿಗೆ 10 ಪಿಕ್ಸೆಲ್ ವ್ಯಾಸ, ಅಂದರೆ ದೊಡ್ಡದು 240, ಚಿಕ್ಕದು 120. ನಡುವಿನಿಂದ ನಡುವಿಗೆ ಎರಡರ ಅರ್ಧ ಅರ್ಧ ಕೂಡಿಸಿ 180. ಇಷ್ಟು ಮಾಡಿದರೂ ಹಲ್ಲಿಗೆ ಹಲ್ಲು ಡಿಕ್ಕಿ ಹೊಡೆಯಿತು! ಎರಡೂ ಸಮಸಂಖ್ಯೆ ಆದ್ದರಿಂದ ಸೇರುವ ಜಾಗದಲ್ಲಿ ಎರಡು ಕಡೆಯಿಂದಲೂ ಹಲ್ಲೇ ಬಂದಿತ್ತು. ಚಿಕ್ಕದನ್ನು ಅರ್ಧ ಹಲ್ಲಿನಷ್ಟು, ಅಂದರೆ 15 ಡಿಗ್ರಿ ತಿರುಗಿಸಿದೆ. ಟಕ್ ಅಂತ ಕೂತಿತು. ದೊಡ್ಡದು 12 ಸೆಕೆಂಡಿಗೆ ಒಂದು ಸುತ್ತು ಬಂದರೆ ಚಿಕ್ಕದು 6 ಸೆಕೆಂಡಿಗೆ, ಉಲ್ಟಾ ದಿಕ್ಕಿನಲ್ಲಿ. ಪುಟದ ಅಂದ, ಚಲನೆ ಬರೆಯುವ ಸಿಎಸ್‌ಎಸ್‌ನಲ್ಲಿ ವೇಗ ಲೀನಿಯರ್, ಅಂದರೆ ಒಂದೇ ಸಮ ಇರಲೇಬೇಕು, ಮರೆತರೆ ಪ್ರತಿ ಸುತ್ತಿನ ಕೊನೆಗೆ ಚಕ್ರ ಸುಸ್ತಾದ ಹಾಗೆ ನಿಧಾನ ಆಗುತ್ತೆ.

ಇನ್ನು ಲೋಹ. ಇಂಟರ್ನೆಟ್ಟಲ್ಲಿ ಸಿಗುವ ರೆಡಿಮೇಡ್ ಹಿತ್ತಾಳೆ ಟೆಕ್ಸ್‌ಚರ್‌ಗಳೆಲ್ಲ ನನಗೆ ಬಿಸ್ಕತ್ತಿನ ಥರ ಕಂಡವು. ಊರಿನ ಬಚ್ಚಲುಮನೆಯಲ್ಲಿ ಅಜ್ಜಿ ಕಾಲದ ತಾಮ್ರದ ಹಂಡೆ ಇದೆ, ಬಳೆ ಕೂರಿಸಿದ ಕಡೆ ಒಳ್ಳೇ ರಿವೆಟ್‌ಗಳು, ಸಂದಿಯಲ್ಲೆಲ್ಲ ಹಸಿರು ಕಿಲುಬು. ಫೋಟೋ ತೆಗೆಯೋಕೆ ಬರ್ತೀನಿ ಅಂತ ಫೋನ್ ಮಾಡಿ ಹೋದದ್ದೇ ತಪ್ಪಾಯಿತು. ಫೋಟೋ ಅಂದರೆ ಚೆನ್ನಾಗಿ ಕಾಣಲಿ ಅಂತ ಅತ್ತಿಗೆ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಹೊಸದರ ಹಾಗೆ ಮಾಡಿಟ್ಟಿದ್ದರು. ಕಿಲುಬು ಬೇಕಿತ್ತು ಅಂತ ಯಾವ ಬಾಯಲ್ಲಿ ಹೇಳಲಿ? ಕೊನೆಗೆ ಅಟ್ಟದ ಮೇಲಿದ್ದ ಪಂಪ್ ಸ್ಟೌ ಕೆಳಗಿಳಿಸಿದೆ. ಸ್ವೀಡನ್ನಿನಲ್ಲಿ 1892ರಲ್ಲಿ ಶುರುವಾದ ಪ್ರೈಮಸ್ ಸ್ಟೌವಿನ ವಂಶದ್ದೇ ಅದು: ಹಿತ್ತಾಳೆ ಟ್ಯಾಂಕು, ಗಾಳಿ ಹೊಡೆಯುವ ಪಂಪು, ಗಾಳಿ ಬಿಡುವ ಕೀ. ಸ್ಟೀಮ್‌ಪಂಕ್ ಅಂತ ನಾನು ಎಲ್ಲೆಲ್ಲೋ ಹುಡುಕುತ್ತಿದ್ದದ್ದು ನಮ್ಮ ಅಟ್ಟದಲ್ಲೇ ಇತ್ತು, ಅದೂ ಸೀಮೆಎಣ್ಣೆ ವಾಸನೆ ಸಮೇತ.

ಆ ಟ್ಯಾಂಕನ್ನು ಕಿಟಕಿ ಪಕ್ಕ ಇಟ್ಟು ಒಂದು ಗಂಟೆ ಸುಮ್ನೆ ನೋಡಿದೆ. ಹೊಳೆಯುವ ಲೋಹದಲ್ಲಿ ಬೆಳಕು ಮೆಲ್ಲಗೆ ಕತ್ತಲಿಗೆ ಇಳಿಯಲ್ಲ. ಕಪ್ಪು, ತಟ್ಟನೆ ಬಿಳಿ ಗೆರೆ, ಮತ್ತೆ ಕಂದು, ಅಂಚಿಗೆ ಬರುವಾಗ ಇನ್ನೊಂದು ಸಣ್ಣ ಬೆಳಕಿನ ಗೆರೆ. ಅದು ಕೆಳಗಿನ ನೆಲದಿಂದ ಹಾರಿ ಬಂದ ಬೆಳಕು. ಒಂದು ಬಣ್ಣದಿಂದ ಇನ್ನೊಂದಕ್ಕೆ ಇಳಿಯುವ ನನ್ನ ಗ್ರೇಡಿಯೆಂಟ್‌ನಲ್ಲಿ ಮೊದಲು ಎರಡೇ ಬಣ್ಣ ಇದ್ದವು, ಈಗ ಏಳು ಸ್ಟಾಪ್, ಅಂದರೆ ಬಣ್ಣ ಗುರುತು ಮಾಡಿದ ಜಾಗ ಇವೆ, ಅದರಲ್ಲಿ ಎರಡು ಜೋಡಿ ಒಂದಕ್ಕೊಂದು ಅಂಟಿಕೊಂಡೇ ಇವೆ. ಆ ಅಂಟಿಕೊಂಡ ಜಾಗದಲ್ಲೇ ಹೊಳಪು ಹುಟ್ಟೋದು.

ಬಣ್ಣದ ಲೆಕ್ಕ ಬೇಕಾದವರಿಗೆ: ಹಿತ್ತಾಳೆಗೆ ಆರ್‌ಜಿಬಿ (ಕೆಂಪು, ಹಸಿರು, ನೀಲಿಯ ಪಾಲು) 181, 166, 66. ತಾಮ್ರಕ್ಕೆ 184, 115, 51. ಕಿಲುಬಿಗೆ 67, 179, 174, ಅದೂ ಚಿಟಿಕೆಯಷ್ಟು, ಜಾಸ್ತಿ ಆದರೆ ಈಜುಕೊಳ ಆಗುತ್ತೆ. ಹಿತ್ತಾಳೆ ಬಣ್ಣದ ಅಕ್ಷರವನ್ನು ಹಳದಿ ಕಾಗದದ ಮೇಲೆ ಮಾತ್ರ ಹಾಕಬೇಡಿ. ನನ್ನ ಮೊದಲ ಪುಟದಲ್ಲಿ ಅವೆರಡರ ಕಾಂಟ್ರಾಸ್ಟ್ ಹೆಚ್ಚುಕಡಿಮೆ 2:1 ಬರುತ್ತಿತ್ತು. ಓದುವ ಅಕ್ಷರಕ್ಕೆ ಕನಿಷ್ಠ 4.5:1 ಬೇಕು ಅನ್ನುತ್ತೆ ವೆಬ್ ನಿಯಮ. ಅದೇ ಹಿತ್ತಾಳೆಯನ್ನು 43, 29, 14ರ ಕಡುಕಂದಿನ ಮೇಲೆ ಇಟ್ಟರೆ ಆರೂವರೆ ದಾಟುತ್ತೆ. ಹಾಗಾಗಿ ಮೇಲಿನ ಹೆಸರಿನ ಬೋರ್ಡು ಕಡುಕಂದು, ಓದುವ ಭಾಗ ತಿಳಿ ಕಾಗದ ಬಣ್ಣ, ಅಕ್ಷರ ಅದೇ ಕಡುಕಂದು.

ಜಾಸ್ತಿ ದಿನ ಹಿಡಿದದ್ದು ಅಕ್ಷರ. ಇಂಗ್ಲಿಷಿಗಾದರೆ ಸುಲಭ. 1827ರಲ್ಲಿ ನ್ಯೂಯಾರ್ಕಿನಲ್ಲಿ ಡೇರಿಯಸ್ ವೆಲ್ಸ್ ಮರದ ಅಚ್ಚುಮೊಳೆಗಳನ್ನು ಯಂತ್ರದಲ್ಲಿ ಕೊರೆಯಲು ಶುರು ಮಾಡಿದ ಮೇಲೆ ಪೋಸ್ಟರ್ ಅಕ್ಷರಗಳ ಜಾತ್ರೆಯೇ ನಡೆಯಿತು, ಇವತ್ತಿಗೂ ಆ ಥರದ ಫಾಂಟ್ ಬೇಕಾದಷ್ಟು ಪುಕ್ಕಟೆ ಸಿಗುತ್ತವೆ. ಕನ್ನಡದಲ್ಲಿ ನನಗೆ ಬೇಕಾದಂಥದ್ದು ಸಿಗಲಿಲ್ಲ. ಆದರೆ ಆ ಕಾಲದಲ್ಲಿ ಕನ್ನಡವೇನು ಸುಮ್ಮನೆ ಕೂತಿರಲಿಲ್ಲ ಅಲ್ವಾ? 1843ರಲ್ಲಿ 'ಮಂಗಳೂರ ಸಮಾಚಾರ' ಮೊದಲು ಅಚ್ಚಾದದ್ದು ಕಲ್ಲಚ್ಚಿನಲ್ಲಿ, ಅಂದರೆ ಕೈಬರಹವೇ ಕಾಗದಕ್ಕೆ ಇಳಿಯುತ್ತಿತ್ತು. ಹಾಗಾದರೆ ನಾನೂ ಕೈಯಲ್ಲೇ ಬರೆಯೋಣ ಅಂತ ಗ್ರಾಫ್ ಹಾಳೆ, ಪೆನ್ಸಿಲ್ ತಗೊಂಡೆ.

ಮೊದಲು ಇಂಗ್ಲಿಷ್ ಪೋಸ್ಟರ್ ಅಕ್ಷರಗಳ ತುದಿಯ ದಪ್ಪ ಪಾದಗಳನ್ನು ತಂದು ಕನ್ನಡಕ್ಕೆ ಅಂಟಿಸಿದೆ. ದುಂಡಗಿರುವ ಕಿ, ವಿಗೆ ಗಮ್‌ಬೂಟು ತೊಡಿಸಿದ ಹಾಗಾಯಿತು. ಕಿತ್ತೆಸೆದೆ. ಆಮೇಲೆ ಅಕ್ಷರದಲ್ಲಿ ಏನಿದೆ ಅಂತ ನೋಡಿದೆ. ಹಿ, ಕಿ, ವಿ ಮೂರಕ್ಕೂ ತಲೆ ಮೇಲೆ ಗುಡಿಸು. ಆ ಸುತ್ತು ಪೈಪಿನ ಬೆಂಡ್ ಥರವೇ ಇದೆ. ಮೂರರಲ್ಲೂ ಮೀಟರ್ ಕೂರಿಸುವ ಆಸೆ ಆಯಿತು, ತಡೆದುಕೊಂಡೆ. ಕೊನೆಯ ವಿಯ ಸುತ್ತಿನಲ್ಲಿ ಮಾತ್ರ ಒಂದು ಸಣ್ಣ ಡಯಲ್, ಉಳಿದ ಎರಡಕ್ಕೆ ತುದಿಯಲ್ಲಿ ಒಂದೊಂದು ರಿವೆಟ್. ತ್ತಾದ ಕೆಳಗಿನ ಒತ್ತು ಕೊಕ್ಕೆಯ ಹಾಗೆ ಇಳಿಬಿದ್ದಿರುತ್ತಲ್ಲ, ಅದನ್ನು ನಲ್ಲಿ ಮಾಡಿದೆ.

ಅಲ್ಲೇ ಎಡವಟ್ಟಾದದ್ದು. ಈ ಥರದ ಅಕ್ಷರಕ್ಕೆ ದಪ್ಪ ನೆರಳು ಬೇಕೇ ಬೇಕು. ಕಂಪ್ಯೂಟರಿನ ಅಭ್ಯಾಸದಂತೆ ಬಲಕ್ಕೆ ಕೆಳಗೆ ಹಾಕಿದೆ. ಕನ್ನಡದ ಒತ್ತು ಕೂರುವುದೂ ಬಲಕ್ಕೆ ಕೆಳಗೇ! ತಾದ ನೆರಳು ಹೋಗಿ ಒತ್ತಿನ ಮೇಲೆ ಬಿದ್ದು, ನಲ್ಲಿ ಮಾಯವಾಗಿ, ದೂರದಿಂದ 'ಹಿತಾಳೆ' ಅಂತ ಓದಿಸುತ್ತಿತ್ತು. ನೆರಳನ್ನು ಎಡಕ್ಕೆ ತಿರುಗಿಸಿದೆ, ಕೂಡಲೇ ಸರಿಹೋಯಿತು. ಬೋರ್ಡು ಬರೆಯುವ ಪೇಂಟರುಗಳಲ್ಲೂ ಎಡಕ್ಕೆ ನೆರಳು ಹಾಕುವ ಹಳೇ ರೂಢಿ ಇದೆ ಅಂತ ಆಮೇಲೆ ತಿಳಿಯಿತು. ಆದರೆ ನೆರಳು ಎಡಕ್ಕೆ ಬಿದ್ದರೆ ಬೆಳಕು ಬಲದಿಂದ ಬರಬೇಕು ತಾನೆ? ಆಗಲೇ ಮಾಡಿಟ್ಟಿದ್ದ 63 ರಿವೆಟ್‌ಗಳ ಹೊಳಪಿನ ಚುಕ್ಕೆ ಎಡಕ್ಕಿತ್ತು. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು, ಒಂದನ್ನು ಮಾಡಿ ಉಳಿದದ್ದಕ್ಕೆ ಕ್ಲೋನ್ (ಮೂಲ ಬದಲಾದರೆ ತಾನೂ ಬದಲಾಗುವ ನಕಲು) ಹಾಕಿದ್ದರೆ ಐದು ನಿಮಿಷದ ಕೆಲಸ.

ಹೆಸರು ಪೂರ್ತಿ ಚಿತ್ರವಾದ್ದರಿಂದ ಸರ್ಚಿಗೂ, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರಿಗೂ ಕಾಣಲ್ಲ. ಅದಕ್ಕೆ ಶೀರ್ಷಿಕೆ ಟ್ಯಾಗಿನೊಳಗೆ ಅದೇ ಹೆಸರನ್ನು ಯೂನಿಕೋಡಿನಲ್ಲೂ ಬರೆದಿದ್ದೇನೆ. ಒಳಗಿನ ಬರಹಕ್ಕೆ ಯಾವ ಶೋಕಿಯೂ ಇಲ್ಲ, ನೋಟೋ ಸೆರಿಫ್ ಕನ್ನಡ ಫಾಂಟ್, ಸಾಲಿನ ಎತ್ತರ ಅಕ್ಷರದ ಅಳತೆಯ 1.7 ಪಟ್ಟು. ಅದಕ್ಕಿಂತ ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ.

ಚಕ್ರಗಳ ಕೆಲಸ ಏನು ಅಂತ ಹೇಳಲಿಲ್ಲ. ಸೈಟಿನಲ್ಲಿ ಹಳೇ ಪ್ಲೇಟಿನ ಧ್ವನಿ ಕೇಳಿಸುವ ಬಟನ್ ಇದೆ, ಅದನ್ನು ಒತ್ತಿದಾಗ ಮಾತ್ರ ಅವು ತಿರುಗುತ್ತವೆ. ಜೊತೆಗೆ ಒಂದು ಪ್ಲೇಟೂ ತಿರುಗುತ್ತೆ, ನಿಮಿಷಕ್ಕೆ 78 ಸುತ್ತು, ಅಂದರೆ ಒಂದು ಸುತ್ತಿಗೆ 0.77 ಸೆಕೆಂಡು. ಫೋನಿನ ಸೆಟ್ಟಿಂಗಿನಲ್ಲಿ ಚಲನೆ ಕಡಿಮೆ ಮಾಡಿಕೊಂಡವರಿಗೆ ಏನೂ ತಿರುಗಲ್ಲ, ಹಾಡು ಮಾತ್ರ. ಈಗ ಎಲ್ಲವೂ ಎಸ್‌ವಿಜಿ, ಅಂದರೆ ಗೆರೆಗಳ ಲೆಕ್ಕದಲ್ಲಿ ಉಳಿಸಿಡುವ ಚಿತ್ರ, ಒಟ್ಟು 70 ಕೆಬಿ.

ಮೊನ್ನೆ ಲೇತ್ ಶಾಪಿಗೆ ಹೋಗಿ ಮತ್ತೆ ತೋರಿಸಿದೆ. ಹಾಡು ಹಾಕಿ, ಚಕ್ರ ನೋಡುತ್ತ ನಿಂತರು. "ಹಾಂ, ಇದು ತಿರುಗುತ್ತೆ" ಅಂದರು. ಆಮೇಲೆ ಪ್ಲೇಟಿನ ಕಡೆ ಬೆರಳು ತೋರಿಸಿ, "ಚಿಕ್ಕ ಚಕ್ರ ಆರು ಸೆಕೆಂಡಿಗೆ ಒಂದು ಸುತ್ತು, ಪ್ಲೇಟು ಹಂಗ್ ಓಡ್ತೈತೆ. ಮಧ್ಯೆ ಇನ್ನೊಂದು ಗೇರ್ ಬೇಕಲ್ಲ ಸಾರ್, ಅದೆಲ್ಲಿ?" ಅಂದರು.

ಗ್ರಾಫ್ ಹಾಳೆ ಮತ್ತೆ ತಂದಿದ್ದೇನೆ.