ಅಂಬಾಸಡರ್ ಇಂಜಿನ್‌ಗೆ ಮನೆಯಲ್ಲೇ ಮರುಜೀವ: ಬಿಚ್ಚುವುದರಿಂದ ಮೊದಲ ಸ್ಟಾರ್ಟ್‌ವರೆಗೆ

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿರುವ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆ 2014ರಲ್ಲಿ ಅಂಬಾಸಡರ್ ತಯಾರಿಕೆಯನ್ನು ನಿಲ್ಲಿಸಿತು. ಆದರೆ ಆ ಕಾರು ನಮ್ಮ ಊರುಗಳಿಂದ ಮರೆಯಾಗಿಲ್ಲ. ಎಷ್ಟೋ ಮನೆಗಳ ಹಿತ್ತಿಲಲ್ಲಿ, ಅಡಿಕೆ ಗೋದಾಮಿನ ಮೂಲೆಯಲ್ಲಿ, ಟಾರ್ಪಾಲಿನ ಕೆಳಗೆ ಅದು ಇನ್ನೂ ನಿಂತಿದೆ. ಹಳೆಯ ಪೆಟ್ರೋಲ್ ಅಂಬಾಸಡರ್‌ಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಬ್ರಿಟನ್ನಿನ ಬಿಎಂಸಿ ಕಂಪನಿ ರೂಪಿಸಿದ ಬಿ-ಸರಣಿಯ 1489 ಸಿಸಿ ಇಂಜಿನ್. ನಾಲ್ಕು ಸಿಲಿಂಡರ್, 73 ಮಿ.ಮೀ. ಬೋರ್ (ಸಿಲಿಂಡರ್‌ನ ಒಳವ್ಯಾಸ), 88.9 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಸಾಗುವ ದೂರ), ಸಿಲಿಂಡರ್‌ಗಳಿರುವ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ಎರಡೂ ಎರಕದ ಕಬ್ಬಿಣ, ವಾಲ್ವ್‌ಗಳನ್ನು ಪುಶ್ ರಾಡ್ ಮೂಲಕ ಎತ್ತುವ ವ್ಯವಸ್ಥೆ. ಎಲೆಕ್ಟ್ರಾನಿಕ್ಸ್ ಇಲ್ಲದ, ಪ್ರತಿಯೊಂದು ಭಾಗವನ್ನೂ ಕಣ್ಣಿಂದ ನೋಡಿ ಕೈಯಿಂದ ಅಳೆಯಬಹುದಾದ ಈ ಇಂಜಿನ್, ತಾಳ್ಮೆಯುಳ್ಳ ಹವ್ಯಾಸಿಯೊಬ್ಬ ಮನೆಯಲ್ಲೇ ಕೈಗೆತ್ತಿಕೊಳ್ಳಬಹುದಾದ ಅತ್ಯುತ್ತಮ ಇಂಜಿನ್‌ಗಳಲ್ಲಿ ಒಂದು. 1990ರ ದಶಕದಲ್ಲಿ ಬಂದ 1800 ಸಿಸಿಯ ಇಸುಜು ಇಂಜಿನ್ ಬೇರೆಯೇ ಬಗೆಯದು. ಇಲ್ಲಿನ ವಿವರಗಳು ಅದಕ್ಕೆ ಅನ್ವಯಿಸುವುದಿಲ್ಲ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಗಡಿಯನ್ನು ಸ್ಪಷ್ಟವಾಗಿ ಹಾಕಿಕೊಳ್ಳಬೇಕು. ಬಿಚ್ಚುವುದು, ತೊಳೆಯುವುದು, ಅಳೆಯುವುದು ಮತ್ತು ಮರಳಿ ಜೋಡಿಸುವುದು ಮನೆಯ ಕೆಲಸ. ಬೋರ್ ಮಾಡುವುದು (ಸಿಲಿಂಡರನ್ನು ಕೊರೆದು ಅಗಲಿಸುವುದು), ಕ್ರ್ಯಾಂಕ್ (ಪಿಸ್ಟನ್‌ಗಳ ಚಲನೆಯನ್ನು ತಿರುಗುವಿಕೆಯಾಗಿಸುವ ದಂಡ) ಗ್ರೈಂಡ್ ಮಾಡುವುದು, ಹೆಡ್ ಫೇಸಿಂಗ್ (ಹೆಡ್‌ನ ತಳವನ್ನು ಸಮತಟ್ಟಾಗಿಸುವುದು) ಮಾಡುವುದು ಲೇತ್ ಅಂಗಡಿಯ ಕೆಲಸ. ಇವೆರಡರ ನಡುವೆ ನಿಂತು, ಯಾವುದನ್ನು ಬದಲಿಸಬೇಕು, ಯಾವುದನ್ನು ಹಾಗೆಯೇ ಬಿಡಬೇಕು ಎಂದು ತೀರ್ಮಾನಿಸುವುದು ಅಳತೆ. ಹಣ ಪೋಲಾಗುವುದೂ ಇಂಜಿನ್ ಕೆಡುವುದೂ ಬಹುಪಾಲು ಅಳೆಯದೆ ತೆಗೆದುಕೊಂಡ ತೀರ್ಮಾನಗಳಿಂದಲೇ.

ಪಾನಾ ಹಿಡಿಯುವ ಮೊದಲು

ಇಂಜಿನ್ ಓಡುವ ಸ್ಥಿತಿಯಲ್ಲಿದ್ದರೆ ಮೊದಲು ಕಂಪ್ರೆಶನ್ ಪರೀಕ್ಷೆ ಮಾಡಿ. ಇಂಜಿನ್ ಬಿಸಿಯಾದ ಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು, ಪ್ರತಿ ಸಿಲಿಂಡರ್‌ನ ಒತ್ತಡವನ್ನು ಗೇಜ್‌ನಲ್ಲಿ ನೋಡಿ ಬರೆದುಕೊಳ್ಳಬೇಕು. ಒತ್ತಡ ಕಡಿಮೆ ಇರುವ ಸಿಲಿಂಡರ್‌ಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ಸವೆತ ಪಿಸ್ಟನ್ ಸುತ್ತಲಿನ ರಿಂಗ್ ಮತ್ತು ಬೋರ್‌ನಲ್ಲಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಈ ಒಂದು ಪರೀಕ್ಷೆಯಿಂದಲೇ ಹೆಡ್ ಮಾತ್ರ ಬಿಚ್ಚಿದರೆ ಸಾಕೋ, ಇಡೀ ಇಂಜಿನ್ ಇಳಿಸಬೇಕೋ ಎಂಬುದು ಎಷ್ಟೋ ಸಲ ತಿಳಿದುಬಿಡುತ್ತದೆ.

ವರ್ಷಗಟ್ಟಲೆ ನಿಂತು ಜಾಮ್ ಆದ ಇಂಜಿನ್‌ಗೆ ಬ್ಯಾಟರಿ ಜೋಡಿಸಿ ಸ್ಟಾರ್ಟರ್ ತಿರುಗಿಸುವ ಆತುರ ಬೇಡ. ಪ್ಲಗ್ ರಂಧ್ರಗಳ ಮೂಲಕ ತೆಳು ಎಣ್ಣೆ ಬಿಟ್ಟು ಕೆಲವು ದಿನ ನೆನೆಯಲು ಬಿಡಿ. ಅನಂತರ ಕ್ರ್ಯಾಂಕ್ ಅನ್ನು ಕೈಯಿಂದಲೇ ಸ್ವಲ್ಪ ಸ್ವಲ್ಪವಾಗಿ ಹಿಂದೆ ಮುಂದೆ ಆಡಿಸಿ. ಬಲವಂತ ಮಾಡಿದರೆ ತುಕ್ಕು ಹಿಡಿದ ರಿಂಗ್ ಮುರಿದು ಬೋರ್‌ನ ಗೋಡೆಯನ್ನು ಗೀರುತ್ತದೆ.

ಉಪಕರಣಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಇಂಜಿನ್‌ನ ನಟ್ಟು ಬೋಲ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚಿನ ನಟ್ಟು 12.7 ಮಿ.ಮೀ. ಅಗಲವಿರುತ್ತದೆ, ಅದಕ್ಕೆ 13ರ ಪಾನಾ ಹಾಕಿದರೆ ಕೂತಂತೆ ಕಂಡರೂ ಗಟ್ಟಿಯಾದ ನಟ್ಟಿನ ಮೂಲೆಗಳನ್ನು ಅದು ಉರುಟಾಗಿಸಿಬಿಡುತ್ತದೆ. ಇಂಚಿನ ಸಾಕೆಟ್ ಸೆಟ್, ನಟ್ಟಿನ ಬಿಗಿಯನ್ನು (ಟಾರ್ಕ್) ಅಳೆದು ತಿರುಗಿಸುವ ಟಾರ್ಕ್ ರೆಂಚ್, ಸಣ್ಣ ಅಂತರ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್, ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಬೇಕು. ಕೊನೆಯ ಎರಡನ್ನು ಕೊಳ್ಳಲಾಗದಿದ್ದರೆ ಲೇತ್ ಅಂಗಡಿಯಲ್ಲಿ ನಿಮ್ಮೆದುರೇ ಅಳೆಸಿ ಬರೆದುಕೊಳ್ಳಿ. ಕಾರ್ಖಾನೆಯ ವರ್ಕ್‌ಶಾಪ್ ಮ್ಯಾನ್ಯುಯಲ್‌ನ ಪ್ರತಿಯೊಂದು ಕೈಯಲ್ಲಿರಲೇಬೇಕು. ಅದರಲ್ಲಿನ ಟಾರ್ಕ್ ಅಂಕಿಗಳಿಗೆ ಅಂದಾಜು ಎಂದೂ ಬದಲಿಯಾಗದು.

ಬಿಚ್ಚುವ ಕ್ರಮ

ಬ್ಯಾಟರಿ ಸಂಪರ್ಕ ತೆಗೆದು, ರೇಡಿಯೇಟರ್ ನೀರನ್ನೂ ಇಂಜಿನ್ ಆಯಿಲನ್ನೂ ಪೂರ್ತಿ ಬಸಿಯಿರಿ. ಹಳೆಯ ಆಯಿಲನ್ನು ಚರಂಡಿಗೆ ಸುರಿಯದೆ ಡಬ್ಬದಲ್ಲಿ ತುಂಬಿ, ತ್ಯಾಜ್ಯ ಎಣ್ಣೆ ಸಂಗ್ರಹಿಸುವವರಿಗೆ ಕೊಡಿ. ಕಾರ್ಬುರೇಟರ್, ಮ್ಯಾನಿಫೋಲ್ಡ್, ಡಿಸ್ಟ್ರಿಬ್ಯೂಟರ್, ಡೈನಮೊ ಇವುಗಳನ್ನು ಕಳಚುವ ಮೊದಲು ಪ್ರತಿ ವೈರು, ಪೈಪುಗಳ ಫೋಟೊ ತೆಗೆದುಕೊಂಡು, ಅವುಗಳಿಗೆ ಚೀಟಿ ಕಟ್ಟುವುದು ಒಳ್ಳೆಯದು.

ವಾಲ್ವ್‌ಗಳನ್ನು ಒತ್ತಿ ತೆರೆಯುವ ರಾಕರ್‌ಗಳು ಕೂರುವ ರಾಕರ್ ಶಾಫ್ಟ್ ತೆಗೆಯುವಾಗ ವಿಶೇಷ ಗಮನ ಬೇಕು. ಈ ಇಂಜಿನ್‌ನಲ್ಲಿ ರಾಕರ್ ಸ್ತಂಭಗಳನ್ನು ಹಿಡಿದಿರುವ ಕೆಲವು ನಟ್ಟುಗಳೇ ಹೆಡ್ಡನ್ನೂ ಬ್ಲಾಕಿಗೆ ಬಿಗಿದಿರುತ್ತವೆ. ವಾಲ್ವ್‌ಗಳನ್ನು ಮಾತ್ರ ನೋಡುತ್ತೇನೆಂದು ಆ ನಟ್ಟುಗಳನ್ನಷ್ಟೇ ಸಡಿಲಿಸಿದರೆ ಹೆಡ್ ಒಂದು ಬದಿಗೆ ಎಳೆದುಕೊಂಡು ವಕ್ರವಾಗುವ, ಗ್ಯಾಸ್ಕೆಟ್ ದಾಟಿ ನೀರು ಸಿಲಿಂಡರ್‌ಗೆ ಇಳಿಯುವ ಅಪಾಯವಿದೆ. ಆದ್ದರಿಂದ ನೀರು ಬಸಿದ ಮೇಲೆಯೇ, ಹೆಡ್‌ನ ಎಲ್ಲ ನಟ್ಟುಗಳನ್ನೂ ಮ್ಯಾನ್ಯುಯಲ್ ಹೇಳುವ ಕ್ರಮದಲ್ಲಿ, ಸುತ್ತು ಸುತ್ತಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು.

ಹೊರಬಂದ ಎಂಟು ಪುಶ್ ರಾಡ್‌ಗಳನ್ನು ಎಂಟು ತೂತು ಮಾಡಿದ ರಟ್ಟಿನ ತುಂಡಿನಲ್ಲಿ ಅನುಕ್ರಮವಾಗಿ ನಿಲ್ಲಿಸಿ, ರಟ್ಟಿನ ಮೇಲೆ ಇಂಜಿನ್‌ನ ಮುಂಭಾಗ ಯಾವುದೆಂದು ಗುರುತಿಸಿ. ಕ್ಯಾಮ್‌ನ (ಉಬ್ಬುಗಳುಳ್ಳ ತಿರುಗುವ ದಂಡ) ಮೇಲೆ ಕೂತು ಪುಶ್ ರಾಡ್‌ಗಳನ್ನು ತಳ್ಳುವ ಟ್ಯಾಪೆಟ್‌ಗಳು ಬ್ಲಾಕಿನ ಪಕ್ಕದ ಮುಚ್ಚಳಗಳ ಮೂಲಕ ಹೊರಬರುತ್ತವೆ. ಅವನ್ನೂ ಅದೇ ಕ್ರಮದಲ್ಲಿಡಿ. ಜೊತೆಯಲ್ಲೇ ಸವೆದ ಎರಡು ಮೈಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಟ್ಯಾಪೆಟ್ ಅದಲುಬದಲಾದರೆ ಕ್ಯಾಮ್ ಬೇಗ ಹಾಳಾಗುತ್ತದೆ. ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ ಸೇರಿಸುವ ಕನೆಕ್ಟಿಂಗ್ ರಾಡ್ ಮತ್ತು ಬೇರಿಂಗ್ ಕ್ಯಾಪ್‌ಗಳಿಗೂ ಇದೇ ನಿಯಮ. ಪ್ರತಿ ಕ್ಯಾಪ್‌ಗೆ ಸಂಖ್ಯೆ ಇದೆಯೇ ನೋಡಿ, ಇಲ್ಲದಿದ್ದರೆ ಬಿಚ್ಚುವ ಮೊದಲೇ ಗುರುತು ಹಾಕಿ. ಒಂದರ ಕ್ಯಾಪ್ ಇನ್ನೊಂದಕ್ಕೆ ಎಂದೂ ಸರಿಹೊಂದುವುದಿಲ್ಲ.

ಇಂಜಿನ್ ಸುಮಾರು 150 ಕಿಲೋಗೂ ಹೆಚ್ಚು ತೂಗುತ್ತದೆ. ಅದನ್ನು ಮನೆಯ ಚಾವಣಿಯ ತೊಲೆಗೆ ಕಟ್ಟಿ ಎತ್ತಲು ಹೋಗಬೇಡಿ. ಬಾಡಿಗೆಗೆ ಸಿಗುವ ಇಂಜಿನ್ ಕ್ರೇನ್ ಇಲ್ಲವೇ ಗಟ್ಟಿಯಾದ ಮುಕ್ಕಾಲಿ ಮತ್ತು ಚೈನ್ ಬ್ಲಾಕ್ ಬಳಸಿ. ತೂಗುತ್ತಿರುವ ಇಂಜಿನ್‌ನ ಕೆಳಗೆ ಕೈಯನ್ನೂ ಚಾಚಬಾರದು.

ಅಳತೆಯೇ ತೀರ್ಪು

ಪಿಸ್ಟನ್‌ಗಳು ಹೊರಬಂದ ಮೇಲೆ ಬೋರ್‌ನ ಮೇಲಂಚಿನಿಂದ ಕೆಳಕ್ಕೆ ಉಗುರನ್ನು ಎಳೆದು ನೋಡಿ. ಮೇಲಿನ ರಿಂಗ್ ಬಂದು ನಿಲ್ಲುವ ಜಾಗದಲ್ಲಿ ಉಗುರಿಗೆ ಒಂದು ಮೆಟ್ಟಿಲು ತಾಗುತ್ತದೆ. ಅದರ ಮೇಲಿನದು ರಿಂಗ್ ಮುಟ್ಟದ ಮೂಲ ಬೋರ್, ಕೆಳಗಿನದು ಸವೆದ ಬೋರ್. ಸವೆತ ಅತಿ ಹೆಚ್ಚಿರುವುದು ಆ ಮೆಟ್ಟಿಲಿನ ತುಸು ಕೆಳಗೆ, ಪಿಸ್ಟನ್ ಪಕ್ಕಕ್ಕೆ ಒತ್ತುವ ದಿಕ್ಕಿನಲ್ಲಿ. ಆದ್ದರಿಂದ ಪ್ರತಿ ಬೋರ್ ಅನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಉದ್ದಕ್ಕೆ ಮತ್ತು ಅಡ್ಡಕ್ಕೆ ಅಳೆದು ಪಟ್ಟಿ ಮಾಡಬೇಕು. ಮೇಲಿನ ಮತ್ತು ಕೆಳಗಿನ ಅಳತೆಗಳ ವ್ಯತ್ಯಾಸ 0.2 ಮಿ.ಮೀ. ಸಮೀಪಿಸಿದ್ದರೆ ಹೊಸ ರಿಂಗ್ ಹಾಕಿ ಪ್ರಯೋಜನವಿಲ್ಲ, ಬೋರಿಂಗ್ ಮಾಡಿಸಲೇಬೇಕು. ತೀರಾ ಕಡಿಮೆಯಿದ್ದರೆ ಹೋನಿಂಗ್ (ಬೋರ್‌ನ ಗೋಡೆಯನ್ನು ಸಾಣೆಕಲ್ಲಿನಿಂದ ಉಜ್ಜುವುದು) ಮತ್ತು ಹೊಸ ರಿಂಗ್ ಸಾಕಾದೀತು. ಕ್ರ್ಯಾಂಕ್ ಜರ್ನಲ್‌ಗಳನ್ನು (ಬೇರಿಂಗ್‌ನೊಳಗೆ ತಿರುಗುವ ಭಾಗಗಳನ್ನು) ಮೈಕ್ರೋಮೀಟರ್‌ನಿಂದ ಎರಡು ದಿಕ್ಕಿನಲ್ಲಿ ಅಳೆದಾಗ 0.001 ಇಂಚಿಗಿಂತ ಹೆಚ್ಚು ಅಂಡಾಕಾರ ಕಂಡರೆ, ಅಥವಾ ಉಗುರಿಗೆ ಸಿಗುವಂಥ ಗೀರುಗಳಿದ್ದರೆ ಗ್ರೈಂಡಿಂಗ್ ಅನಿವಾರ್ಯ.

ಲೇತ್ ಅಂಗಡಿಗೆ ಹೋಗುವ ಮೊದಲೇ ಪಿಸ್ಟನ್ ಕೊಂಡಿರಬೇಕು. ಓವರ್‌ಸೈಜ್ ಪಿಸ್ಟನ್‌ಗಳು ಇಂಚಿನ ಸಾವಿರದ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಭಾಗಗಳ ಏರಿಕೆಯಲ್ಲಿ ಬರುತ್ತವೆ. ಮೆಕ್ಯಾನಿಕ್‌ಗಳು ‘ಟೆನ್ ಥೌ’, ‘ಟ್ವೆಂಟಿ ಥೌ’ ಎನ್ನುವುದು ಇದನ್ನೇ. ಎಲ್ಲ ಅಳತೆಗಳೂ ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿ, ಕೈಗೆ ಸಿಕ್ಕ ಪಿಸ್ಟನ್‌ಗಳನ್ನೇ ಲೇತ್ ಅಂಗಡಿಗೆ ಒಯ್ದು, ಅವಕ್ಕೆ ತಕ್ಕಂತೆ ಬೋರ್ ಮಾಡಿಸುವುದೇ ಸರಿಯಾದ ದಾರಿ. ಬ್ಲಾಕೇ ಒಡೆದಿದ್ದು ಬೇರೆ ಬ್ಲಾಕ್ ಹಾಕುವುದಾದರೆ ಇಂಜಿನ್ ಸಂಖ್ಯೆ ಬದಲಾಗುತ್ತದೆ. ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು.

ವಾಲ್ವ್ ಮತ್ತು ಹೆಡ್

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ವಾಲ್ವ್ ಲ್ಯಾಪಿಂಗ್. ವಾಲ್ವ್‌ನ ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ತೆಳುವಾಗಿ ಹಚ್ಚಿ, ಸೀಟ್ ಮೇಲೆ ಕೂರಿಸಿ, ರಬ್ಬರ್ ಬಟ್ಟಲಿನ ಕೋಲನ್ನು ಎರಡು ಅಂಗೈಗಳ ನಡುವೆ ಹಿಡಿದು ಹಿಂದೆ ಮುಂದೆ ತಿರುಗಿಸಬೇಕು. ಆಗಾಗ ವಾಲ್ವ್ ಎತ್ತಿ, ಕಾಲು ಸುತ್ತು ಸರಿಸಿ, ಮತ್ತೆ ಕೂರಿಸಬೇಕು. ಮೊದಲು ಕರಕರ ಎನ್ನುತ್ತಿದ್ದ ಸದ್ದು ಮೆಲ್ಲಗೆ ನುಣುಪಾಗುತ್ತದೆ. ಒರೆಸಿ ನೋಡಿದಾಗ ವಾಲ್ವ್ ಮೇಲೂ ಸೀಟ್ ಮೇಲೂ ಎಲ್ಲೂ ತುಂಡಾಗದ, ಒಂದೇ ಅಗಲದ ಮಾಸಲು ಬೂದು ಉಂಗುರ ಕಂಡರೆ ಕೆಲಸ ಮುಗಿಯಿತು. ಅನಂತರ ಪೇಸ್ಟಿನ ಕಣವೂ ಉಳಿಯದಂತೆ ತೊಳೆದು, ವಾಲ್ವ್‌ಗಳನ್ನು ಸ್ಪ್ರಿಂಗ್ ಸಮೇತ ಜೋಡಿಸಿ, ಹೆಡ್ಡನ್ನು ಮಗುಚಿ, ದಹನ ಕೋಣೆಗೆ ಸೀಮೆಎಣ್ಣೆ ತುಂಬಿ ಪೋರ್ಟ್‌ಗಳಲ್ಲಿ ಜಿನುಗುತ್ತದೆಯೇ ಎಂದು ನೋಡಿ.

ಈ ಹೆಡ್ ರೂಪುಗೊಂಡದ್ದು ಪೆಟ್ರೋಲ್‌ನಲ್ಲಿ ಸೀಸವಿದ್ದ ಕಾಲದಲ್ಲಿ. ಆ ಸೀಸ ವಾಲ್ವ್ ಸೀಟನ್ನು ಸವೆಯದಂತೆ ಕಾಯುತ್ತಿತ್ತು. 2000ದಿಂದ ದೇಶದಲ್ಲಿ ಸೀಸರಹಿತ ಪೆಟ್ರೋಲ್ ಮಾತ್ರ ದೊರೆಯುತ್ತಿದೆ. ಆದ್ದರಿಂದ ಎಕ್ಸಾಸ್ಟ್ ಸೀಟ್‌ಗಳು ಒಳಗೆ ಕುಸಿದಿದ್ದರೆ ಗಡಸು ಉಕ್ಕಿನ ಸೀಟ್‌ಗಳನ್ನು ಕೂರಿಸುವುದು ಸಾರ್ಥಕ ಖರ್ಚು. ಶೇ 20ರಷ್ಟು ಎಥನಾಲ್ ಬೆರೆತ ಇಂದಿನ ಪೆಟ್ರೋಲ್ ಹಳೆಯ ರಬ್ಬರನ್ನು ತಿನ್ನುತ್ತದೆ. ಪೆಟ್ರೋಲ್ ಪೈಪು ಮತ್ತು ಪಂಪಿನ ಡಯಾಫ್ರಾಮ್‌ಗಳನ್ನು ಅದನ್ನು ತಾಳುವಂಥವಕ್ಕೆ ಬದಲಿಸಿ.

ಜೋಡಣೆ

ಲೇತ್ ಅಂಗಡಿಯಿಂದ ಬಂದ ಬ್ಲಾಕ್ ನೋಡಲು ಸ್ವಚ್ಛವಾಗಿದ್ದರೂ ಅದರ ಸೂಕ್ಷ್ಮ ಗೆರೆಗಳಲ್ಲಿ ಹೋನಿಂಗ್ ಪುಡಿ ಅಡಗಿರುತ್ತದೆ. ಬಿಸಿ ಸೋಪು ನೀರು ಮತ್ತು ಬ್ರಶ್‌ನಿಂದ, ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಕಲೆ ಅಂಟದಷ್ಟು ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಹಚ್ಚಿ. ಆಯಿಲ್ ಹರಿಯುವ ಪ್ರತಿ ಕಾಲುವೆಗೂ ಗಾಳಿ ಹಾಯಿಸಿ.

ಮೂರು ಮೇನ್ ಬೇರಿಂಗ್‌ಗಳ ಮೇಲೆ ಕ್ರ್ಯಾಂಕ್ ಕೂರಿಸಿ, ಕ್ಯಾಪ್‌ಗಳನ್ನು ಟಾರ್ಕ್ ಪ್ರಕಾರ ಬಿಗಿದ ಮೇಲೆ ಅದು ಕೈಯಲ್ಲಿ ಸರಾಗವಾಗಿ ತಿರುಗಬೇಕು. ಬಿಗಿಯೆನಿಸಿದರೆ ಮುಂದುವರಿಯದೆ ಕಾರಣ ಹುಡುಕಿ. ಪ್ರತಿ ರಿಂಗನ್ನೂ ಅದರದೇ ಬೋರ್‌ನೊಳಗಿಟ್ಟು, ಪಿಸ್ಟನ್‌ನಿಂದ ನೇರವಾಗಿ ತಳ್ಳಿ, ತುದಿಗಳ ಅಂತರವನ್ನು ಫೀಲರ್ ಗೇಜ್‌ನಲ್ಲಿ ನೋಡಿ. ಅದು 0.008ರಿಂದ 0.013 ಇಂಚಿನೊಳಗೆ ಇರಬೇಕು. ಟೈಮಿಂಗ್ ಚೈನ್ ಹಾಕುವಾಗ ಎರಡೂ ಹಲ್ಲುಗಾಲಿಗಳ ಚುಕ್ಕಿಗಳು ಎದುರುಬದುರಾಗಿ, ಎರಡರ ಕೇಂದ್ರಗಳನ್ನು ಸೇರಿಸುವ ಗೆರೆಯ ಮೇಲೆ ಬರಲಿ. ಹೆಡ್ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಸಾಗುವ ಕ್ರಮದಲ್ಲಿ, ಹಲವು ಸುತ್ತುಗಳಲ್ಲಿ ಬಿಗಿಯಿರಿ.

ವಾಲ್ವ್ ಅಂತರ (ರಾಕರ್ ಮತ್ತು ವಾಲ್ವ್ ತುದಿಯ ನಡುವಿನ ಸಂದು) ಹೊಂದಿಸಲು ಈ ಇಂಜಿನ್‌ಗೆ ಒಂಬತ್ತರ ಲೆಕ್ಕವಿದೆ. ಎಂಟನೆಯ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು, ಆರನೆಯದು ತೆರೆದಾಗ ಮೂರನೆಯದನ್ನು ಹೊಂದಿಸಬೇಕು. ಎರಡೂ ಸಂಖ್ಯೆಗಳ ಮೊತ್ತ ಯಾವಾಗಲೂ ಒಂಬತ್ತು. ಅಂತರ ಸಾಮಾನ್ಯವಾಗಿ 0.015 ಇಂಚು, ಅಂದರೆ ಸುಮಾರು 0.38 ಮಿ.ಮೀ. ಸ್ಪಾರ್ಕ್ ಪ್ಲಗ್ ವೈರುಗಳ ಕ್ರಮ 1-3-4-2.

ಮೊದಲ ಸ್ಟಾರ್ಟ್

ಹೊಸ ಆಯಿಲ್ ತುಂಬಿ, ಪ್ಲಗ್‌ಗಳನ್ನು ಹಾಕದೆ, ಗೇಜ್‌ನಲ್ಲಿ ಆಯಿಲ್ ಒತ್ತಡ ಕಾಣುವವರೆಗೆ ಸ್ಟಾರ್ಟರ್‌ನಿಂದ ತಿರುಗಿಸಿ. ಒತ್ತಡ ಕಾಣದೆ ಪ್ಲಗ್ ಹಾಕಲೇಬಾರದು. ಹೊಸ ಕ್ಯಾಮ್ ಮತ್ತು ಟ್ಯಾಪೆಟ್ ಹಾಕಿದ್ದರೆ, ಸ್ಟಾರ್ಟ್ ಆದೊಡನೆ ಐಡಲ್‌ಗೆ ಇಳಿಸದೆ ಸುಮಾರು 20 ನಿಮಿಷ 2000 ಆರ್‌ಪಿಎಂ ಆಸುಪಾಸಿನಲ್ಲೇ ಓಡಿಸಿ. ಕ್ರ್ಯಾಂಕ್‌ನ ಹಿಂತುದಿಯಲ್ಲಿ ರಬ್ಬರ್ ಸೀಲ್ ಬದಲು ಎಣ್ಣೆಯನ್ನು ಒಳಕ್ಕೆ ತಳ್ಳುವ ಸುರುಳಿ ಗೆರೆ ಮಾತ್ರ ಇರುವುದರಿಂದ ಅಲ್ಲಿ ಒಂದೆರಡು ಹನಿ ಜಿನುಗಿದರೆ ಗಾಬರಿಯಾಗಬೇಕಿಲ್ಲ. ಮೊದಲ 500 ಕಿ.ಮೀ. ಒಂದೇ ವೇಗದಲ್ಲಿ ಓಡಿಸದೆ, ಭಾರ ಎಳೆಸದೆ ಹೋಗಿ. ಬಳಿಕ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಹೆಡ್ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ಪರೀಕ್ಷಿಸಿ. ಹೆಡ್ ಬಿಗಿದಾಗ ವಾಲ್ವ್ ಅಂತರ ಬದಲಾಗುವುದರಿಂದ, ಅದೇ ದಿನ ಎಂಟನ್ನೂ ಹೊಸದಾಗಿ ಹೊಂದಿಸಬೇಕು.