ಒಂದೇ ಯಂತ್ರದಲ್ಲಿ ಮೂರು /ಆಪ್ಟ್/ಟೂಲ್: ಮೌಂಟ್ ನೇಮ್‌ಸ್ಪೇಸ್ ಜತೆ ನನ್ನ ಗುದ್ದಾಟ

"ಏನ್ರೀ, ಡಾಕರ್ ಹಾಕಿ ಕೈತೊಳ್ಕೊಳ್ಳೋದು ಬಿಟ್ಟು 2002ರ ಸಾಮಾನು ಹಿಡ್ಕೊಂಡು ಕೂತಿದ್ದೀರಲ್ಲ" ಅಂತ ನಮ್ಮ ಸೀನಿಯರ್ ನಕ್ಕಿದ್ದರು. ಮೌಂಟ್ ನೇಮ್‌ಸ್ಪೇಸ್ ಅಂದರೆ ಯಾವ ಜಾಗದಲ್ಲಿ ಯಾವ ಡಿಸ್ಕ್ ಅಥವಾ ಫೋಲ್ಡರ್ ಕಾಣಬೇಕು (ಮೌಂಟ್ ಆಗಬೇಕು) ಅನ್ನುವ ಪಟ್ಟಿಯನ್ನು ಪ್ರೋಸೆಸ್‌ಗೆ ಬೇರೆಯಾಗಿ ಕೊಡುವ ಲಿನಕ್ಸ್ ಸೌಲಭ್ಯ. ಅದು 2.4.19 ಕರ್ನಲ್‌ನಲ್ಲೇ ಬಂದದ್ದು, ಆ ಮಾತು ಸುಳ್ಳಲ್ಲ. ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್ ಒಳಗೊಳಗೆ ಮಾಡುವುದೂ ಇದನ್ನೇ ಅಲ್ಲವಾ ಸರ್ ಅಂದೆ. ಅವರಿಗೆ ಸಮಾಧಾನವಾಗಲಿಲ್ಲ.

ನಮ್ಮ ಕಷ್ಟ ಇಷ್ಟೇ. ಇಬ್ಬರು ಗ್ರಾಹಕರಿಗೆ ಫರ್ಮ್‌ವೇರ್ ಬಿಲ್ಡ್ ಮಾಡಿಕೊಡಬೇಕು. ಕಂಪೈಲರ್ ಒಂದೇ ಕಡೆಯದು, ಆವೃತ್ತಿ ಬೇರೆ ಬೇರೆ, ಎರಡೂ /ಆಪ್ಟ್/ಟೂಲ್ ಅನ್ನುವ ಒಂದೇ ಫೋಲ್ಡರ್ ಒಳಗೇ ಕೂರಬೇಕು ಅಂತ ಹಟ ಹಿಡಿಯುತ್ತವೆ. ಲೈಸೆನ್ಸ್ ಯಂತ್ರದ ನೆಟ್‌ವರ್ಕ್ ಕಾರ್ಡಿನ ನಂಬರ್ ಆದ ಮ್ಯಾಕ್ ವಿಳಾಸಕ್ಕೆ ಗಂಟುಬಿದ್ದಿದೆ. ವಿಎಂ (ಯಂತ್ರದೊಳಗೊಂದು ನಕಲಿ ಯಂತ್ರ) ಮಾಡಿದರೆ ಪ್ರತಿಯೊಂದಕ್ಕೂ ಹೊಸ ಲೈಸೆನ್ಸ್, ವರ್ಷಕ್ಕೆ 90 ಸಾವಿರದ ಹತ್ತಿರ. ಮೌಂಟ್ ನೇಮ್‌ಸ್ಪೇಸ್ ಮಾತ್ರ ನಕಲು ಮಾಡಿ ನೆಟ್‌ವರ್ಕ್ ಹಂಚಿಕೊಂಡೇ ಇದ್ದರೆ ಮ್ಯಾಕ್ ಅದೇ, ಯಂತ್ರ ಅದೇ. ಒಂದು ಯಂತ್ರದಲ್ಲಿ ಎಷ್ಟು ಆವೃತ್ತಿ ಓಡಿಸಿದರೂ ಅಡ್ಡಿಯಿಲ್ಲ ಅಂತ ಕರಾರಿನಲ್ಲೇ ಇತ್ತು, ಎರಡು ಸಲ ಓದಿ ನೋಡಿದ್ದೆ.

ಟರ್ಮಿನಲ್‌ನಲ್ಲಿ ಅನ್‌ಶೇರ್ ಕಮಾಂಡ್‌ಗೆ ಮೈನಸ್ ಎಂ ಕೊಟ್ಟು ಹೊಸ ನೇಮ್‌ಸ್ಪೇಸ್ ಹೊಕ್ಕು, ಬೇಕಾದ ಆವೃತ್ತಿಯ ಫೋಲ್ಡರ್ /ಆಪ್ಟ್/ಟೂಲ್‌ನಲ್ಲಿ ಕಾಣುವಂತೆ ಬೈಂಡ್ ಮೌಂಟ್ ಮಾಡಿದೆ. ಬೆಣ್ಣೆಯ ಹಾಗೆ ನಡೆಯಿತು. ಅದನ್ನೇ ಸಿ ಭಾಷೆಯಲ್ಲಿ 60 ಸಾಲಿನ ಪ್ರೋಗ್ರಾಂ ಮಾಡಿ ರಾತ್ರಿಯ ಬಿಲ್ಡ್‌ಗೆ ಸಿಕ್ಕಿಸಿ ಮನೆಗೆ ಹೋದೆ. ಬೆಳಿಗ್ಗೆ ಬಂದು ಹೋಸ್ಟ್‌ನ (ನೇಮ್‌ಸ್ಪೇಸ್ ಹೊರಗಿನ ಮೂಲ ಸಿಸ್ಟಂನ) ಮೌಂಟ್ ಪಟ್ಟಿ ಮೌಂಟ್‌ಇನ್ಫೋ ತೆಗೆದರೆ ಅದೇ /ಆಪ್ಟ್/ಟೂಲ್ ಹನ್ನೊಂದು ಸಲ, ದೋಸೆ ಅಡಕಿದ ಹಾಗೆ ಒಂದರ ಮೇಲೊಂದು! ಬಿಲ್ಡ್ ಮುಗಿದು ಪ್ರೋಸೆಸ್ ಸತ್ತರೂ ಹೋಸ್ಟ್‌ಗೆ ಸೋರಿದ ಮೌಂಟ್‌ಗಳು ಸತ್ತಿರಲಿಲ್ಲ. ಅಷ್ಟರಲ್ಲಿ ಒಬ್ಬ ಗ್ರಾಹಕರಿಗೆ ಇನ್ನೊಬ್ಬರ ಕಂಪೈಲರ್‌ನಲ್ಲಿ ಆದ ಇಮೇಜ್ ಹೋಗಿಯೇಬಿಟ್ಟಿತ್ತು. ಬೋರ್ಡ್‌ಗಳು ವಾಪಸ್ ಬಂದು, ಫ್ಲ್ಯಾಶ್ ಮಾಡಿ, ಮತ್ತೆ ಕೊರಿಯರ್ ಹಾಕುವಷ್ಟರಲ್ಲಿ 35 ಸಾವಿರ ಕೈಬಿಟ್ಟಿತು. ಮರ್ಯಾದೆಯ ಲೆಕ್ಕ ಬೇರೆ.

ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಲಿನಕ್ಸ್‌ನಲ್ಲಿ ಎಲ್ಲವನ್ನೂ ಎಬ್ಬಿಸುವ ಸಿಸ್ಟಂಡಿ ಬೂಟ್ ಆಗುವಾಗಲೇ ರೂಟ್ ಮೌಂಟನ್ನು ಶೇರ್ಡ್ ಮಾಡಿಡುತ್ತದೆ, ಅಂದರೆ ಒಂದು ಕಡೆ ಮಾಡಿದ ಮೌಂಟ್ ಗುಂಪಿನ ಎಲ್ಲ ಕಡೆಗೂ ಹರಡುತ್ತದೆ. ನೇಮ್‌ಸ್ಪೇಸ್ ನಕಲಾದರೂ ಒಳಗಿನ ಮೌಂಟ್‌ಗಳು ಹಳೆಯ ಗುಂಪಿನಲ್ಲೇ ಇರುತ್ತವೆ. ಮನೆ ಪಾಲಾಗಿದೆ, ಬಾವಿ ಇನ್ನೂ ಒಂದೇ. ಅನ್‌ಶೇರ್ ಕಮಾಂಡ್ ತಾನೇ ಎಲ್ಲವನ್ನೂ ಪ್ರೈವೇಟ್ (ಯಾರಿಗೂ ಹರಡದ, ಯಾರಿಂದಲೂ ಬರದ) ಮಾಡಿಬಿಡುತ್ತದೆ, ನನ್ನ ಸಿ ಪ್ರೋಗ್ರಾಂ ಕರ್ನಲ್‌ಗೆ ನೇರ ಮಾಡಿದ ಅದೇ ಹೆಸರಿನ ಸಿಸ್ಟಂ ಕಾಲ್ ಹಾಗೆ ಮಾಡುವುದಿಲ್ಲ. ನನ್ನ ಟರ್ಮಿನಲ್ ಪರೀಕ್ಷೆ ನನಗೇ ಟೋಪಿ ಹಾಕಿದ್ದು ಹೀಗೆ.

ಪ್ರೈವೇಟ್ ಮಾಡಿದೆ. ಸೋರಿಕೆ ನಿಂತಿತು, ಹೊಸ ತಲೆನೋವು ಹುಟ್ಟಿತು. ಬ್ಯಾಕಪ್‌ನ ಯುಎಸ್‌ಬಿ ಡಿಸ್ಕನ್ನು ಹೋಸ್ಟ್‌ನಲ್ಲಿ ಅನ್‌ಮೌಂಟ್ ಮಾಡಿದೆ, ತಕರಾರಿಲ್ಲದೆ ಆಯಿತು, ಎಳೆದುಕೊಂಡೆ. ಆದರೆ ಓಡುತ್ತಿದ್ದ ಬಿಲ್ಡ್‌ನ ನಕಲಿನಲ್ಲಿ ಅದು ಇನ್ನೂ ಮೌಂಟ್ ಆಗಿಯೇ ಇತ್ತು. ಕರ್ನಲ್ ಸಂದೇಶಗಳ ಪಟ್ಟಿ ಡಿಮೆಸೇಜ್ ತುಂಬ ಡಿಸ್ಕಿನ ಫೈಲ್‌ಸಿಸ್ಟಂ ಇಎಕ್ಸ್‌ಟಿ4ರ ದೂರುಗಳು. ಡಿಸ್ಕ್ ಉಳಿಯಿತು, ಒಂದು ವಾರದ ಬ್ಯಾಕಪ್ ಉಳಿಯಲಿಲ್ಲ. ಈಗ ಪ್ರೈವೇಟ್ ಅಲ್ಲ, ರೂಟ್‌ನಿಂದ ಕೆಳಗೆ ಎಲ್ಲವನ್ನೂ ಸ್ಲೇವ್ ಮಾಡುತ್ತೇನೆ. ಹೋಸ್ಟ್‌ನ ಮೌಂಟ್, ಅನ್‌ಮೌಂಟ್ ಒಳಗೆ ಬರುತ್ತವೆ, ಒಳಗಿನದು ಹೊರಗೆ ಹೋಗುವುದಿಲ್ಲ. ನಮ್ಮಂಥ ಕೆಲಸಕ್ಕೆ ಸ್ಲೇವ್‌ನಷ್ಟು ಸರಿಯಾದದ್ದು ಬೇರೆ ಇಲ್ಲ ಅಂತ ಎದೆ ತಟ್ಟಿ ಹೇಳಬಲ್ಲೆ.

ನಡುವೆ ಚಪಲಕ್ಕೆ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬೆಲ್ ಲ್ಯಾಬ್ಸ್‌ನ ಆಪರೇಟಿಂಗ್ ಸಿಸ್ಟಂ ಪ್ಲಾನ್ 9ರ ಸಂತಾನ 9ಫ್ರಂಟ್ ಹಾಕಿ ನೋಡಿದೆ. ಅಲ್ಲಿ ಹೊಸ ಪ್ರೋಸೆಸ್ ಹುಟ್ಟಿಸುವ ಆರ್‌ಫೋರ್ಕ್ ಕಾಲ್‌ನಲ್ಲೇ ನೇಮ್‌ಸ್ಪೇಸಿನ ತೀರ್ಮಾನ: ಸುಮ್ಮನಿದ್ದರೆ ಹಂಚಿಕೆ, ಒಂದು ಫ್ಲ್ಯಾಗ್‌ಗೆ ನಕಲು, ಇನ್ನೊಂದಕ್ಕೆ ಪೂರಾ ಖಾಲಿ. ಒಂದು ಕಿಟಕಿಯಲ್ಲಿ ಬೈಂಡ್ ಮಾಡಿದ್ದು ಪಕ್ಕದ ಕಿಟಕಿಗೆ ಕಾಣುವುದೇ ಇಲ್ಲ, ರೂಟ್ ಅನುಮತಿಯ ಗೋಜೂ ಇಲ್ಲ. ಒಂದು ಭಾನುವಾರ ಪೂರ್ತಿ ಅದರಲ್ಲೇ ಹೋಯಿತು. ಮನೆಯವರ ಮುಖ ನೋಡಿ ಮುಚ್ಚಿಟ್ಟೆ.

ನೇಮ್‌ಸ್ಪೇಸ್‌ಗಳನ್ನು ಬಿಲ್ಡ್ ಬಿಲ್ಡ್‌ಗೂ ಹೊಸದಾಗಿ ಮಾಡುವುದಿಲ್ಲ. ಪ್ರೋಕ್ ಒಳಗೆ ನೇಮ್‌ಸ್ಪೇಸನ್ನು ತೋರಿಸುವ ಎಂಎನ್‌ಟಿ ಫೈಲನ್ನು ಒಂದು ಖಾಲಿ ಫೈಲ್ ಮೇಲೆ ಬೈಂಡ್ ಮಾಡಿ, ಪ್ರೋಸೆಸ್ ಇಲ್ಲದಿದ್ದರೂ ಉಳಿಯುವಂತೆ ಪಿನ್ ಮಾಡಿಡುತ್ತೇನೆ, ಬೇಕಾದಾಗ ಎನ್‌ಎಸ್‌ಎಂಟರ್ ಕಮಾಂಡ್‌ನಿಂದ ಹೊಕ್ಕರಾಯಿತು. ಆ ಖಾಲಿ ಫೈಲ್ ಇರುವ ಜಾಗ ಪ್ರೈವೇಟ್ ಮೌಂಟ್ ಆಗಿರಲೇಬೇಕು, ಇಲ್ಲದಿದ್ದರೆ 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಅಂದು ಬಾಯಿ ಮುಚ್ಚಿಕೊಳ್ಳುತ್ತದೆ. ಬಿಲ್ಡ್ ಅರ್ಧಕ್ಕೆ ಸತ್ತರೆ ಯಾವ ಕ್ರಮದಲ್ಲಿ ಗುಡಿಸಬೇಕು ಅನ್ನುವುದಕ್ಕೆ ನನ್ನದೇ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕಾಫಿ ಕೊಡಿಸಿದವರಿಗೆ ಹೇಳುತ್ತೇನೆ.

ಹದಿನಾಲ್ಕು ತಿಂಗಳಾಯಿತು. ಆವೃತ್ತಿ ಮೂರಾಗಿದೆ, ಯಂತ್ರ ಒಂದೇ, 16 ಜಿಬಿ ರ‍್ಯಾಮ್. ಈಗ ಪಿಐಡಿಯನ್ನೂ (ಪ್ರೋಸೆಸ್ ನಂಬರ್‌ಗಳನ್ನೂ) ಬೇರೆ ಮಾಡಲು ಹೊರಟಿದ್ದೇನೆ. ಅನ್‌ಶೇರ್‌ನ ಫೋರ್ಕ್ ಆಯ್ಕೆ ಮರೆತು ಓಡಿಸಿದ್ದಕ್ಕೆ ಮೊದಲ ಮಗು ಪ್ರೋಸೆಸ್ ಒಂದನೇ ನಂಬರ್ ತಗೊಂಡು ತಕ್ಷಣ ಸತ್ತಿತು. ಒಂದನೇ ನಂಬರ್ ಸತ್ತರೆ ಅಲ್ಲಿ ಹೊಸ ಪ್ರೋಸೆಸ್ ಹುಟ್ಟುವುದಿಲ್ಲ, ಆಮೇಲೆ ಏನು ಓಡಿಸಿದರೂ ಮೆಮೊರಿ ಇಲ್ಲ ಅಂತ ಗೋಳು. 9 ಜಿಬಿ ಖಾಲಿ ಬಿದ್ದಿತ್ತು. ಹಿಂದೆ ನಿಂತು ನೋಡುತ್ತಿದ್ದ ಸೀನಿಯರ್, "ರ‍್ಯಾಮ್ ತರಿಸೋಣವೇನ್ರೀ" ಅಂದರು.